ಗಾಳಿ ಎಳೆಯುವ ಕೊಳವೆ: ಮೂರು ತಿಂಗಳ ಲೆಕ್ಕ

ಜೂನ್ 14

ಮಳೆ ಹಿಡಿದುಕೊಂಡಿದೆ. ತೋಟಕ್ಕೆ ಹೋಗುವ ಹಾಗಿಲ್ಲ, ಕರೆಂಟೂ ಇಲ್ಲ. ರಾತ್ರಿ ಹನ್ನೊಂದಕ್ಕೆ ಓಡಲು ಬಿಟ್ಟಿದ್ದ ಸಿಮ್ಯುಲೇಷನ್ ಬೆಳಗಿನ ಜಾವ ನಿಂತುಹೋಗಿದೆ. ಚಿಕ್ಕಮಗಳೂರಿನ ಮಳೆಗಾಲದಲ್ಲಿ ಈ ಹುಚ್ಚು ಹಿಡಿದವರು ಮೊದಲು ಕಲಿಯಬೇಕಾದದ್ದು ಆಗಾಗ ಸೇವ್ ಮಾಡುವುದನ್ನು.

ಹುಚ್ಚು ಹಿಡಿದದ್ದು ಬೆಂಗಳೂರಿನಲ್ಲಿ. ಅಲ್ಲಿನ ಲ್ಯಾಬ್‌ನಲ್ಲಿ ಕ್ಯಾಪಿಲರಿ ಎಲೆಕ್ಟ್ರೋಫೊರೆಸಿಸನ್ನು (ಸಣ್ಣ ಕೊಳವೆಯಲ್ಲಿ ವಿದ್ಯುತ್ತಿನಿಂದ ಅಣುಗಳನ್ನು ಬಿಡಿಸುವ ಯಂತ್ರ) ಮಾಸ್ ಸ್ಪೆಕ್ಟ್ರೋಮೀಟರಿಗೆ (ಅಣುಗಳ ತೂಕ ಅಳೆಯುವ ಯಂತ್ರ) ಜೋಡಿಸಿದ್ದೆವು. ಎರಡೂ ಯಂತ್ರ ಬೇರೆಬೇರೆಯಾಗಿ ಚೆನ್ನಾಗಿದ್ದವು. ಸೇರುವ ಜಾಗದಲ್ಲೇ ಜಗಳ. ಅಲ್ಲಿ ದ್ರವ ಸಣ್ಣ ಹನಿಗಳಾಗಿ ಚಿಮ್ಮಬೇಕು. ಆ ಸ್ಪ್ರೇ ಕೆಟ್ಟಾಗ ಸ್ಕ್ರೂ ತಿರುಗಿಸುತ್ತಿದ್ದೆವು. ಯಾಕೆ ಕೆಟ್ಟಿತು, ಯಾಕೆ ಸರಿಹೋಯಿತು, ಒಂದೂ ಗೊತ್ತಾಗುತ್ತಿರಲಿಲ್ಲ. ಈಗ ಊರಲ್ಲಿ ಕೂತು ಆ ತುದಿಯನ್ನೇ ಲ್ಯಾಪ್‌ಟಾಪಿನಲ್ಲಿ ಕಟ್ಟುತ್ತಿದ್ದೇನೆ. ಬಳಸುತ್ತಿರುವುದು ದ್ರವ, ಗಾಳಿಗಳ ಹರಿವನ್ನು ಲೆಕ್ಕಹಾಕುವ ತಂತ್ರಾಂಶ ಓಪನ್‌ಫೋಮ್. ಕಾಸು ಕೊಡಬೇಕಿಲ್ಲ.

ಕ್ಯಾಪಿಲರಿ ಅಂದರೆ ಗಾಜಿನ ಕೂದಲು. ಹೊರಗಿನ ವ್ಯಾಸ 360 ಮೈಕ್ರಾನ್, ಒಳಗಿನ ತೂತು 50 ಮೈಕ್ರಾನ್. ನನ್ನದು 70 ಸೆಂಟಿಮೀಟರ್ ಉದ್ದ. ಅಷ್ಟೂ ಉದ್ದಕ್ಕೆ ಹಿಡಿಯುವ ದ್ರವ 1.4 ಮೈಕ್ರೋಲೀಟರ್ ಅಷ್ಟೇ. ತುದಿಗಳ ನಡುವೆ 30,000 ವೋಲ್ಟ್ ಹಾಕುತ್ತಾರೆ. ಮಾಮೂಲಿಯಾಗಿ ಎರಡೂ ತುದಿ ಬಫರ್ (ವಿದ್ಯುತ್ ಹರಿಯಬಿಡುವ ದ್ರಾವಣ) ಬಾಟಲಿಯಲ್ಲಿ ಮುಳುಗಿರುತ್ತವೆ. ಮಾಸ್ ಸ್ಪೆಕ್‌ಗೆ ಜೋಡಿಸಿದರೆ ಒಂದು ತುದಿ ಗಾಳಿಯಲ್ಲಿ ನೇತಾಡುತ್ತದೆ. ಹಾಗಾದರೆ ಸರ್ಕ್ಯೂಟ್ ಪೂರ್ತಿ ಆಗುವುದು ಹೇಗೆ? 1987ರಲ್ಲಿ ಅಮೆರಿಕದ ರಿಚರ್ಡ್ ಸ್ಮಿತ್ ಅವರ ಗುಂಪು ಈ ಜೋಡಣೆ ಮಾಡಿ ತೋರಿಸಿದ ಮೇಲೂ ಜನ ತಲೆ ಕೆಡಿಸಿಕೊಂಡದ್ದು ಇದಕ್ಕೇ. ನಮ್ಮಲ್ಲಿದ್ದ ಉಪಾಯ ಷೀತ್ ಲಿಕ್ವಿಡ್. ಕ್ಯಾಪಿಲರಿಯ ಸುತ್ತ ಸ್ಟೀಲ್ ಕೊಳವೆ, ಅದರಲ್ಲಿ ನಿಮಿಷಕ್ಕೆ ಕೆಲವು ಮೈಕ್ರೋಲೀಟರ್ ಮೆಥನಾಲ್-ನೀರು. ಬಾಟಲಿಯ ಕೆಲಸ ಅದು ಮಾಡುತ್ತದೆ. ಅದರ ಹೊರಗೆ ಇನ್ನೊಂದು ಕೊಳವೆ, ಅದರಲ್ಲಿ ಹನಿ ಒಡೆಯಲು ನೈಟ್ರೋಜನ್ ಗಾಳಿ.

ಜುಲೈ 9

ನಾಚಿಕೆ ಬಿಟ್ಟು ಬರೆಯುತ್ತೇನೆ. ಅಳತೆಗಳನ್ನು ಮೈಕ್ರಾನ್‌ನಲ್ಲಿ ಕೊಟ್ಟೆ, ಸಾಫ್ಟ್‌ವೇರ್ ಮೀಟರ್ ಅಂತ ತಿಳಿಯಿತು. ಎರಡು ವಾರ ನಾನು ಕೆರೆಯಷ್ಟು ಅಗಲದ ಕ್ಯಾಪಿಲರಿಯಲ್ಲಿ ಹನಿ ಹುಡುಕುತ್ತಿದ್ದೆ!

ಅಳತೆ ಸರಿಮಾಡಿದ ಮೇಲೆ ಇನ್ನೊಂದು ತಲೆನೋವು. ಲೆಕ್ಕಕ್ಕಾಗಿ ಜಾಗವನ್ನು ಚಿಕ್ಕಚಿಕ್ಕ ಚೌಕಗಳಾಗಿ ಹೆಚ್ಚಬೇಕು, ಆ ಬಲೆಯೇ ಮೆಶ್. ಮೆಶ್‌ನ ಒಂದು ಚೌಕ 1 ಮೈಕ್ರಾನ್ ಇದ್ದರೆ, ನೀರಿನ ಮೇಲ್ಮೈ ಎಳೆತವನ್ನು ಸರಿಯಾಗಿ ಹಿಡಿಯಲು ಹೆಜ್ಜೆಗೆ 50 ನ್ಯಾನೋಸೆಕೆಂಡ್‌ಗಿಂತ ಜಾಸ್ತಿ ಮುಂದೆ ಹೋಗುವಂತಿಲ್ಲ. ಒಂದು ಸೆಕೆಂಡ್ ನೋಡಲು ಎರಡು ಕೋಟಿ ಹೆಜ್ಜೆ. ಸೆಕೆಂಡಿನ ಆಸೆ ಬಿಟ್ಟು ಮಿಲಿಸೆಕೆಂಡಿಗೆ ಒಗ್ಗಿಕೊಂಡೆ. ಪೂರ್ತಿ ಕೊಳವೆಯೂ ಬೇಡ, ಐದು ಡಿಗ್ರಿಯ ಒಂದು ಸೀಳು ಸಾಕು. ಹಲಸಿನ ತೊಳೆ ಬಿಡಿಸಿದ ಹಾಗೆ.

ಆಗಸ್ಟ್ 20

ಗಾಳಿ ಎಷ್ಟೇ ಹೆಚ್ಚಿಸಿದರೂ ಕ್ಯಾಪಿಲರಿ ಒಳಗಿನ ಹರಿವು ಒಂದಿಷ್ಟೂ ಬದಲಾಗುತ್ತಿರಲಿಲ್ಲ. ಲ್ಯಾಬ್‌ನಲ್ಲಿ ಹಾಗಿರಲಿಲ್ಲ ಅಲ್ವಾ? ಮೊನ್ನೆ ಕಡೂರಿಗೆ ಹೋಗಿದ್ದೆ. ಭಾವ ಅಡಿಕೆ ತೋಟದ ಡ್ರಿಪ್‌ಗೆ ವೆಂಚುರಿ ಹಾಕಿಸಿದ್ದಾರೆ. ನೀರು ಸಣ್ಣ ಕುತ್ತಿಗೆಯಲ್ಲಿ ಜೋರಾಗಿ ಹೋಗುವಾಗ ಪಕ್ಕದ ಬಕೆಟ್‌ನಿಂದ ಗೊಬ್ಬರದ ನೀರನ್ನು ಎಳೆದುಕೊಳ್ಳುತ್ತದೆ. "ವಾಲ್ವ್ ಸ್ವಲ್ಪ ಹೆಚ್ಚುಕಮ್ಮಿ ಆದ್ರೆ ಸಾಕು, ಬಕೆಟ್ ಬೇಗ ಖಾಲಿ ಮಾರಾಯ" ಅಂದರು. ನಾನು ಬಕೆಟ್‌ನ್ನೇ ನೋಡುತ್ತಾ ನಿಂತೆ. ನನ್ನ ಮಾಡೆಲ್‌ನಲ್ಲಿ ಬಕೆಟ್ಟೇ ಇರಲಿಲ್ಲ. ಕ್ಯಾಪಿಲರಿಯ ಹಿಂದಿನ ತುದಿಯಲ್ಲಿ 'ಇಷ್ಟೇ ವೇಗ' ಅಂತ ಗಂಟು ಹಾಕಿಟ್ಟಿದ್ದೆ. ಎಳೆದರೆ ಬರುವುದಾದರೂ ಎಲ್ಲಿಂದ?

ವೇಗ ತೆಗೆದು ಒತ್ತಡ ಕೊಟ್ಟೆ. ಉಳಿದ ಉದ್ದವನ್ನು ಮೆಶ್ ಮಾಡಲಿಲ್ಲ, ಕೈಲೆಕ್ಕ ಹಾಕಿದೆ. 1 ಮಿಲಿಬಾರ್ ಎಳೆತಕ್ಕೆ ನಿಮಿಷಕ್ಕೆ 1.3 ನ್ಯಾನೋಲೀಟರ್. ಗಾಳಿ ಸೆಕೆಂಡಿಗೆ ಸುಮಾರು 58 ಮೀಟರ್ ವೇಗದಲ್ಲಿ ತುದಿಯ ಪಕ್ಕ ಹಾಯುವಾಗ ನನಗೆ ಸಿಕ್ಕ ಎಳೆತ 20 ಮಿಲಿಬಾರ್. ಅಂದರೆ 26 ನ್ಯಾನೋಲೀಟರ್. ತೂತು 75 ಮೈಕ್ರಾನ್ ಆದರೆ ಅದೇ ಎಳೆತಕ್ಕೆ 130 ದಾಟುತ್ತದೆ. ತೂತು ಒಂದೂವರೆ ಪಟ್ಟು, ಹರಿವು ಐದು ಪಟ್ಟು.

ಸಂಖ್ಯೆ ಚಿಕ್ಕದು ಅನ್ನಿಸಬಹುದು. ಆದರೆ ವಿದ್ಯುತ್ತಿನಿಂದ ಹುಟ್ಟುವ ಹರಿವು ಸಮತಟ್ಟಾಗಿ ಮುಂದೆ ಸಾಗುತ್ತದೆ. ಎಳೆತದಿಂದ ಬರುವ ಹರಿವು ನಡುವೆ ಉಬ್ಬಿಕೊಂಡು, ಸರಾಸರಿಯ ಎರಡು ಪಟ್ಟು ಓಡುತ್ತದೆ, ಅಂಚಿನಲ್ಲಿ ನಿಂತೇ ಇರುತ್ತದೆ. ಕಷ್ಟಪಟ್ಟು ಬಿಡಿಸಿದ, ಗ್ರಾಫಿನಲ್ಲಿ ಒಂದೊಂದು ಬಗೆಯ ಅಣುವಿಗೆ ಏಳುವ ಗುಡ್ಡಗಳಂಥ ಪೀಕ್‌ಗಳು ಮತ್ತೆ ಕಲಸಿಕೊಳ್ಳುತ್ತವೆ. ಸ್ಪ್ರೇ ಗಟ್ಟಿಯಾಗಲಿ ಅಂತ ನಾವು ಗ್ಯಾಸ್ ಏರಿಸಿದಾಗಲೆಲ್ಲ ಪೀಕ್ ಬೇಗ ಬಂದು ಅಗಲವಾಗುತ್ತಿದ್ದದ್ದು ಇದಕ್ಕೇ ಇರಬೇಕು. ಬಾಟಲಿ ಬದಲಿಸುವಾಗ ಗ್ಯಾಸ್ ನಿಲ್ಲಿಸದಿದ್ದರೆ ಹಿಂದಿನ ತುದಿ ಗಾಳಿಯನ್ನೇ ಕುಡಿದು ಕ್ಯಾಪಿಲರಿಯ ಕರೆಂಟ್ ಕಡಿಯುತ್ತಿತ್ತು. ಅದನ್ನು ಅವತ್ತು ಸುಮ್ನೆ ಬಫರ್ ಮೇಲೆ ಹಾಕಿದ್ದೆವು.

ಸೆಪ್ಟೆಂಬರ್ 6

ವಿದ್ಯುತ್ ಬಲವನ್ನು ಇನ್ನೂ ಸೇರಿಸಿಲ್ಲ. ಅದಿಲ್ಲದೆ ಟೇಲರ್ ಕೋನ್, ಅಂದರೆ ವಿದ್ಯುತ್ ಎಳೆತಕ್ಕೆ ತುದಿಯ ದ್ರವ ತಾಳುವ ಶಂಕುವಿನ ಆಕಾರ, ಬರುವುದಿಲ್ಲ. 1964ರಲ್ಲಿ ಜೆಫ್ರಿ ಟೇಲರ್ ಲೆಕ್ಕ ಹಾಕಿದ 49.3 ಡಿಗ್ರಿಯ ಅರ್ಧಕೋನದ ಹತ್ತಿರ ಬಂದರೆ ಮಾಡೆಲನ್ನು ನಂಬುತ್ತೇನೆ. ಈಗ ಓಡುತ್ತಿರುವುದು ಕ್ಯಾಪಿಲರಿ ಸ್ಟೀಲಿನಿಂದ 100 ಮೈಕ್ರಾನ್ ಹೊರಗೆ ಚಾಚಿದ ರನ್. ಮುಂದಿನದು 200. ಸಿಮ್ಯುಲೇಷನ್ನಿನ ಗಡಿಯಾರ 2.3 ಮಿಲಿಸೆಕೆಂಡ್ ತೋರಿಸುತ್ತಿದೆ. ಯುಪಿಎಸ್ ಕೂಗಲು ಶುರು ಮಾಡಿದೆ.