ಹತ್ತಕ್ಕೆ ಹತ್ತು

ಅಬ್ಸರ್ವೇಶನ್ ಕ್ಲಾಸ್ ಇದೆ ಅಂದರೆ ಯಾವ ಮೇಷ್ಟ್ರೂ ಅದೃಷ್ಟ ನಂಬಿ ಕೂರುವುದಿಲ್ಲ. ಯಾರನ್ನು ಎಬ್ಬಿಸಿ ಪ್ರಶ್ನೆ ಕೇಳಬೇಕು ಅಂತ ಮೊದಲೇ ಗೊತ್ತು ಮಾಡಿಕೊಂಡಿರುತ್ತಾರೆ. ನಾನೂ ಮಾಡಿಕೊಂಡಿದ್ದೆ. ಮೂರನೇ ಬೆಂಚು, ಕಿಟಕಿ ಪಕ್ಕ. ಹಿಂದಿನ ವಾರದ ಕ್ಲಾಸ್ ಟೆಸ್ಟಿನಲ್ಲಿ ದಶಮಾಂಶ ಹೋಲಿಕೆಗೆ ಹತ್ತಕ್ಕೆ ಹತ್ತು ತೆಗೆದಿದ್ದ ಹುಡುಗ.

ಕೊನೆಯ ಬೆಂಚಿನಲ್ಲಿ ಎಚ್ಚೆಮ್. ಅವರ ಪಕ್ಕದಲ್ಲಿ ಹೊರಗಿನಿಂದ ಬಂದ ಅಧಿಕಾರಿ. ಇಬ್ಬರ ಕೈಯಲ್ಲೂ ಫಾರ್ಮ್ಯಾಟ್. ಪೀಠಿಕೆ ಮುಗಿದಿತ್ತು, ಟೀಚಿಂಗ್ ಏಡ್ ತೋರಿಸಿ ಆಗಿತ್ತು, ಪೋರ್ಷನ್ನೂ ಹಿಂದೆ ಬಿದ್ದಿರಲಿಲ್ಲ. ಲೆಸನ್ ಪ್ಲಾನ್ ಪ್ರಕಾರ ಆಗ ನಾನು 0.5 ಮತ್ತು 0.45 ಬರೆದು, ಯಾವುದು ದೊಡ್ಡದು ಅಂತ ಕೇಳಬೇಕಿತ್ತು. ಚಾಕ್ ಎತ್ತಿದ ಮೇಲೆ ಒಂದು ಬುದ್ಧಿವಂತಿಕೆ ಹೊಳೆಯಿತು. ಟೆಸ್ಟಿನಲ್ಲಿ ಬಂದಿದ್ದ ಲೆಕ್ಕವನ್ನೇ ಕೇಳಿದರೆ ಉರು ಹೊಡೆಸಿದ್ದಾರೆ ಅಂದುಕೊಂಡಾರು ಅಲ್ವಾ? ಅದಕ್ಕೇ 5ರ ಜಾಗದಲ್ಲಿ 3 ಹಾಕಿದೆ. 0.3, 0.45.

‘0.3 ದೊಡ್ಡದು ಸರ್.’

‘ಸರಿಯಾಗಿ ನೋಡು.’

ನೋಡಿದ. ‘ಹೌದು ಸರ್, 0.3.’

ಅವನ ದನಿಯಲ್ಲಿ ಒಂಚೂರೂ ಅನುಮಾನ ಇರಲಿಲ್ಲ. ನನ್ನ ಕತ್ತಿನ ಹಿಂದೆ ಬೆವರು ಶುರುವಾಯಿತು. ನಿಲ್ಲಿಸಿ ಕೇಳಬೇಕಿತ್ತು, ಕೇಳಲಿಲ್ಲ. ‘ಬೇರೆ ಯಾರು ಹೇಳ್ತೀರಿ?’ ಅಂತ ತರಗತಿ ಕಡೆ ತಿರುಗಿದೆ. ಮೊದಲ ಬೆಂಚಿನ ಹುಡುಗಿ 0.45 ಅಂದಳು. ವೆರಿ ಗುಡ್ ಅಂದು ಮುಂದಿನ ಲೆಕ್ಕಕ್ಕೆ ಹಾರಿದೆ. ಆ ಹುಡುಗನಿಗೆ ಕೂತ್ಕೋ ಅನ್ನುವುದೂ ಮರೆತುಹೋಯಿತು. ಅವನು ನಿಂತೇ ಇದ್ದ. ನನಗೆ ಅವನು ಕಾಣಿಸುತ್ತಿದ್ದ, ಆದರೆ ಆ ಕಡೆ ನೋಡದ ಹಾಗೆ ಬೋರ್ಡಿನ ಎಡಭಾಗದಲ್ಲೇ ಬರೆಯುತ್ತಾ ಹೋದೆ. ಇದನ್ನು ಈಗ ಬರೆಯುವಾಗಲೂ ಮೈ ಹಿಂಡಿದ ಹಾಗಾಗುತ್ತದೆ.

ಕೊನೆಗೆ ಅಧಿಕಾರಿಯೇ ಹಿಂದಿನಿಂದ ಕೇಳಿದರು. ‘ಮರಿ, 0.3 ದೊಡ್ಡದು ಅಂತ ಹೇಗೆ ಗೊತ್ತಾಯ್ತು?’

‘ಮೂರು ಭಾಗ ಮಾಡಿದ್ರೆ ಒಂದೊಂದು ಭಾಗ ದೊಡ್ಡದಾಗಿರುತ್ತೆ. ನಲವತ್ತೈದು ಭಾಗ ಮಾಡಿದ್ರೆ ಚಿಕ್ಕ ಚಿಕ್ಕದಾಗುತ್ತೆ. ಸರ್ ಹೇಳಿಕೊಟ್ಟಿದ್ದಾರೆ.’

ಸರ್ ಹೇಳಿಕೊಟ್ಟಿದ್ದು ನಿಜ. ಹಿಂದಿನ ಪಾಠ ಭಿನ್ನರಾಶಿ. ಛೇದ ದೊಡ್ಡದಾದಷ್ಟೂ ಭಾಗ ಚಿಕ್ಕದು ಅಂತ ಕಾಗದ ಹರಿದು, ಬಣ್ಣ ಹಚ್ಚಿ, ಹದಿನೈದು ಸಲ ಹೇಳಿಸಿದ್ದೆ. ಭಿನ್ನರಾಶಿಯಲ್ಲಿ ಛೇದ ಕಣ್ಣಿಗೆ ಕಾಣುತ್ತದೆ. ದಶಮಾಂಶದಲ್ಲಿ ಯಾರೂ ಛೇದ ಬರೆಯುವುದಿಲ್ಲ, ಅದು ಸ್ಥಾನದಲ್ಲಿ ಅಡಗಿ ಕೂತಿರುತ್ತದೆ. ಅವನು ಕಂಡ ಅಂಕಿಯನ್ನೇ ಛೇದ ಮಾಡಿಕೊಂಡಿದ್ದ. ಅವನ ಪಾಲಿಗೆ 0.3 ಅಂದರೆ ಮೂರನೇ ಒಂದು, 0.45 ಅಂದರೆ ನಲವತ್ತೈದನೇ ಒಂದು. ಹಾಗೆ ನೋಡಿದರೆ ತರ್ಕದಲ್ಲಿ ತಪ್ಪೇ ಇಲ್ಲ.

ಸ್ಟಾಫ್ ರೂಮಿಗೆ ಬಂದು ಟೆಸ್ಟ್ ಪೇಪರ್ ತೆಗೆದೆ. 0.5, 0.45. 0.7, 0.62. 0.6, 0.125. ಅಂಕಿ ಜಾಸ್ತಿ ಇದ್ದರೆ ಸಂಖ್ಯೆ ದೊಡ್ಡದು ಅನ್ನುವ ಮಕ್ಕಳು ಎಲ್ಲ ತರಗತಿಯಲ್ಲೂ ಇರುತ್ತಾರೆ. 45 ದೊಡ್ಡದು, 5 ಚಿಕ್ಕದು, ಹಾಗಾಗಿ 0.45 ದೊಡ್ಡದು. ಅವರನ್ನು ಹಿಡಿಯಲೆಂದೇ ಹತ್ತೂ ಪ್ರಶ್ನೆಗೆ ಬಲೆ ಹೆಣೆದಿದ್ದೆ. ಆ ಬಗ್ಗೆ ಹೆಮ್ಮೆಯೂ ಇತ್ತು. ಬಲೆ ಎಷ್ಟು ಚೆನ್ನಾಗಿತ್ತು ಅಂದರೆ ಹತ್ತರಲ್ಲಿ ಹತ್ತರಲ್ಲೂ ಕಡಿಮೆ ಅಂಕಿಯ ಸಂಖ್ಯೆಯೇ ದೊಡ್ಡದು. ಇದಕ್ಕೆ ಪೂರ್ತಿ ಉಲ್ಟಾ ಯೋಚಿಸುವವನು ಕಣ್ಣು ಮುಚ್ಚಿಕೊಂಡು ಹತ್ತಕ್ಕೆ ಹತ್ತು ತೆಗೆಯಬಹುದು. ತೆಗೆದ. 0.3 ಮತ್ತು 0.7 ಅಂತ ಒಂದೇ ಒಂದು ಪ್ರಶ್ನೆ ಇದ್ದಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಅಷ್ಟು ಸುಲಭದ್ದನ್ನು ಏನು ಕೇಳುವುದು ಅಂತ ಬಿಟ್ಟಿದ್ದೆ.

ನಾನು ಗಣಿತದ ಮೇಷ್ಟ್ರು ಆಗಬೇಕು ಅಂತ ಬಂದವನಲ್ಲ. ಓದಿದ್ದು ಭೌತಶಾಸ್ತ್ರ. ಲ್ಯಾಬು, ಪ್ರಯೋಗ ಅಂತ ಕನಸು ಕಟ್ಟಿಕೊಂಡು ಕೆಲಸಕ್ಕೆ ಸೇರಿದೆ. ಮೊದಲ ತಿಂಗಳೇ ಗಣಿತದವರು ಬಿಟ್ಟುಹೋದರು. ‘ಸದ್ಯಕ್ಕೆ ನೋಡಿಕೊಳ್ಳಿ’ ಅಂದರು. ಆ ಸದ್ಯಕ್ಕೆ ಈಗ 19 ವರ್ಷ. ಟ್ರೈನಿಂಗ್‌ನಲ್ಲಿ ಕಲಿತದ್ದು ಪಾಠ ಮಾಡುವುದಕ್ಕೆ ಜರ್ಮನಿಯ ಶಿಕ್ಷಣ ಚಿಂತಕ ಹರ್ಬಾರ್ಟನ ಐದು ಹಂತ. ಪಾಪ, ಅವನು 1841ರಲ್ಲೇ ತೀರಿಕೊಂಡ. ಐದು ಹಂತ ಅಂತ ಪಟ್ಟಿ ಮಾಡಿದ್ದೂ ಅವನಲ್ಲ, ಅವನ ಹಿಂದೆ ಬಂದವರು. ನಮ್ಮ ಫಾರ್ಮ್ಯಾಟಿನಲ್ಲಿ ಮಾತ್ರ ಆ ಹಂತಗಳ ಡಬ್ಬಿಗಳು ಹೆಸರು ಬದಲಿಸಿಕೊಂಡು ಈಗಲೂ ಇವೆ. ಮಗು ಸರಿ ಉತ್ತರವನ್ನು ತಪ್ಪು ದಾರಿಯಲ್ಲಿ ತಂದರೆ ಎಲ್ಲಿ ಬರೆಯಬೇಕು ಅನ್ನುವ ಡಬ್ಬಿ ಇಲ್ಲ.

ಅದಕ್ಕೆ ಫಾರ್ಮ್ಯಾಟನ್ನೇ ಬೈದು ಪ್ರಯೋಜನವೂ ಇಲ್ಲ. ಅಷ್ಟು ವರ್ಷ ನಾನು ಮಾಡಿದ್ದು ಒಂದೇ. ತಪ್ಪು ಉತ್ತರ ಬಂದರೆ ‘ಹೇಗೆ?’ ಅಂತ ಕೇಳುವುದು, ಸರಿ ಉತ್ತರ ಬಂದರೆ ಗುಡ್ ಅಂದು ಮುಂದೆ ಹೋಗುವುದು. ಮೇರಿ ಬಡ್ ರೋ ಅನ್ನುವ ಅಮೆರಿಕದ ಸಂಶೋಧಕಿ 1970ರ ದಶಕದಲ್ಲೇ ತರಗತಿಗಳ ಧ್ವನಿಮುದ್ರಣ ಕೇಳಿ, ಮೇಷ್ಟ್ರುಗಳು ಪ್ರಶ್ನೆ ಕೇಳಿದ ಮೇಲೆ ಕಾಯುವುದು ಹೆಚ್ಚುಕಮ್ಮಿ ಒಂದೇ ಸೆಕೆಂಡು ಅಂತ ತೋರಿಸಿದ್ದರು. ಮೂರು ಸೆಕೆಂಡು ಕಾದರೆ ಮಕ್ಕಳ ಮಾತು ಉದ್ದವಾಗುತ್ತದೆ. ಇಷ್ಟು ಎಲ್ಲ ವರ್ಕ್‌ಶಾಪ್‌ನಲ್ಲೂ ಹೇಳುತ್ತಾರೆ, ನಾವೂ ತಲೆ ಆಡಿಸುತ್ತೇವೆ. ಅವರು ಇನ್ನೊಂದು ಮೌನವನ್ನೂ ಅಳೆದಿದ್ದರು. ಮಗು ಉತ್ತರ ಕೊಟ್ಟ ಮೇಲೆ ಮೇಷ್ಟ್ರು ಬಾಯಿ ತೆರೆಯುವ ತನಕದ್ದು. ಅದು ಯಾರಿಗೂ ನೆನಪಿರುವುದಿಲ್ಲ. ನನ್ನ ‘ವೆರಿ ಗುಡ್’ ಆ ಜಾಗವನ್ನು 19 ವರ್ಷ ನುಂಗಿತ್ತು.

ಮಾರನೇ ದಿನ ಅವನನ್ನು ಪಕ್ಕಕ್ಕೆ ಕೂರಿಸಿಕೊಂಡೆ. ಸೊನ್ನೆ ಹಚ್ಚಿಕೊಂಡು 0.30 ಮಾಡು, ಆಮೇಲೆ ನೋಡು ಅಂದಿದ್ದರೆ ಅರ್ಧ ನಿಮಿಷದಲ್ಲಿ ಕೆಲಸ ಮುಗಿಯುತ್ತಿತ್ತು, ಉತ್ತರವೂ ಸರಿ ಬರುತ್ತಿತ್ತು. ತಲೆಯೊಳಗಿನ ಛೇದ ಮಾತ್ರ ಅಲ್ಲೇ ಇರುತ್ತಿತ್ತು. ಅದಕ್ಕೇ ಹತ್ತಕ್ಕೆ ಹತ್ತು ಮನೆಯ ಎರಡು ಗ್ರಾಫ್ ಚೌಕ ಕೊಟ್ಟೆ. ಒಂದರಲ್ಲಿ ಮೂರು ಕಂಬ ತುಂಬಿದ. ಇನ್ನೊಂದರಲ್ಲಿ ನಲವತ್ತೈದು ಮನೆ ತುಂಬಬೇಕು. ನಾಲ್ಕು ಕಂಬ ಮುಗಿದು ಐದನೆಯದರ ಅರ್ಧಕ್ಕೆ ಬಂದಾಗ ಪೆನ್ಸಿಲ್ ನಿಂತಿತು. ತುಂಬಾ ಹೊತ್ತು ಸುಮ್ನೆ ಎರಡೂ ಚೌಕ ನೋಡುತ್ತಾ ಕೂತ. ಆಮೇಲೆ ಕೇಳಿದ ಮೊದಲ ಪ್ರಶ್ನೆ, ‘ಸರ್, ಟೆಸ್ಟ್ ಮಾರ್ಕ್ಸ್ ಕಟ್ ಮಾಡ್ತೀರಾ?’

ಮಾಡಲಿಲ್ಲ. ಕಟ್ ಮಾಡುವುದಿದ್ದರೆ ನನ್ನದು.

ಅಬ್ಸರ್ವೇಶನ್ ಶೀಟ್ ಎರಡು ವಾರ ಬಿಟ್ಟು ಬಂತು. ಷರಾ: ‘ಬೋಧನೋಪಕರಣ ಬಳಕೆ ಉತ್ತಮ. ಸಮಯ ಪಾಲನೆ ಸುಧಾರಿಸಬೇಕು.’ ಹುಡುಗನ ಬಗ್ಗೆ ಒಂದು ಅಕ್ಷರ ಇಲ್ಲ. ಅಷ್ಟು ಒಳ್ಳೆಯ ಪ್ರಶ್ನೆ ಕೇಳಿದವರೇ ಅದನ್ನು ಬರೆದಿರಲಿಲ್ಲ.

ಈಗ ಸರಿ ಉತ್ತರ ಬಂದರೂ ‘ಹೇಗೆ?’ ಅಂತ ಕೇಳುತ್ತೇನೆ. ಅದರಲ್ಲೂ ಒಂದು ಪೇಚು. ಇಷ್ಟು ದಿನ ತಪ್ಪಾದಾಗ ಮಾತ್ರ ಕೇಳಿ ಕೇಳಿ, ‘ಹೇಗೆ’ ಅಂದರೆ ತಪ್ಪು ಅಂತ ನಾವೇ ಮಕ್ಕಳಿಗೆ ಕಲಿಸಿಬಿಟ್ಟಿದ್ದೇವೆ. ಮೊನ್ನೆ ಒಬ್ಬಳು ಸರಿಯಾಗಿಯೇ 0.8 ಅಂದಳು. ಹೇಗೆ ಅಂದೆ. ಮುಖ ಸಣ್ಣದಾಯಿತು. ‘0.75 ಸರ್’ ಅಂದಳು. ಅದೂ ಹೇಗೆ ಅಂದೆ. ಪಕ್ಕದವಳ ಪುಸ್ತಕ ನೋಡಿದಳು, ಬೋರ್ಡ್ ನೋಡಿದಳು, ನನ್ನ ಮುಖ ನೋಡಿದಳು. ನಾನು ಬಾಯಿ ಬಿಡಲಿಲ್ಲ.

‘ಸರ್, ನೀವೇ ಹೇಳಿಬಿಡಿ’ ಅಂದಳು.