ತಮ್ಮನಿಗೊಂದು ಹಗುರ ಕೋವಿ: ಆಯ್ಕೆ ಎಲ್ಲಿಗೆ ಬಂತು

ಆಷಾಢ

ತಮ್ಮನಿಗೆ ಬೇಕಿರುವುದು ಬೆಟ್ಟ ಹತ್ತಿ ಮಾಡುವ ಶಿಕಾರಿಗೆ ಒದಗುವ ಹಗುರ ಬೋಲ್ಟ್ ಆಕ್ಷನ್ ರೈಫಲ್, ಅಂದರೆ ಪ್ರತಿ ಸಲ ಹೊಡೆದ ಮೇಲೆ ಅಗುಳಿಯಂಥ ಬೋಲ್ಟನ್ನು ಕೈಯಲ್ಲೇ ಎಳೆದು ಮುಂದಿನ ತೋಟೆ ತುಂಬುವಂಥದ್ದು. ಅವನಿರುವುದು ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ. ಕೋವಿ ಲೈಸೆನ್ಸ್ ಕೈಸೇರಿದೆ, ಕೆಂಜಿಂಕೆ ಹೊಡೆಯಲು ಹೋಗುವ ಗೆಳೆಯರ ಗುಂಪೂ ಸಿಕ್ಕಿದೆ. "ಅಣ್ಣಾ, ಗುರಿ ಹೊಡೆಯೋನು ನೀನು. ಯಾವುದು ತಗೊಳ್ಳಲಿ ಅಂತ ನೀನೇ ನೋಡಿ ಹೇಳು. ಎರಡು ಕಿಲೋ ಚಿಲ್ಲರೆ ತೂಗೋವೂ ಇವೆಯಂತೆ, ಅಂಥದ್ದೇ ಇರಲಿ" ಅಂದ. ನಾನು ಮೈಸೂರಲ್ಲಿ ರೇಂಜಿಗೆ ಹೋಗಿ ಕಾಗದದ ಗುರಿಗೆ .22 (ಸುಮಾರು 0.22 ಇಂಚು ದಪ್ಪದ ಸಣ್ಣ ಗುಂಡು) ಹೊಡೆಯುವವನು. ದೊಡ್ಡ ತೋಟೆಯ ರೈಫಲ್ ನನ್ನಲ್ಲಿಲ್ಲ. ಹಾಗಾಗಿ ಕೊಂಡು ಬಳಸಿದವರ ಮಾತೇ ಆಧಾರ. ಆ ಮಾತುಗಳನ್ನು ಕೇಳಿ, ಸೋಸಿ, ಒಂದು ತೀರ್ಮಾನಕ್ಕೆ ಬರುವವರೆಗೆ ಇಲ್ಲಿ ಬರೆದಿಡುತ್ತಾ ಹೋಗುತ್ತೇನೆ.

ಒಂದು ಮಾತು ಮೊದಲೇ ಹೇಳಿಬಿಡಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಈಗ ನಮ್ಮಲ್ಲಿ ಶಿಕಾರಿ ಇಲ್ಲ, ಇರಲೂ ಬಾರದು. ಮಹಾರಾಜರ ಬೇಟೆಯ ಕಾಡಾಗಿದ್ದ ಬಂಡೀಪುರ 1973ರಲ್ಲಿ ಹುಲಿ ಯೋಜನೆಗೆ ಸೇರಿತು. ಹೊಡೆದ ಹುಲಿಗಳ ಚರ್ಮ ಹದಮಾಡಿ ಜೀವಂತವೇನೋ ಎನ್ನುವಂತೆ ನಿಲ್ಲಿಸಿಕೊಡುತ್ತಿದ್ದ ನಮ್ಮೂರಿನ ವ್ಯಾನ್ ಇಂಗೆನ್ ಕಾರ್ಖಾನೆಯೂ ಮುಚ್ಚಿತು. ಆದದ್ದೆಲ್ಲ ಒಳ್ಳೆಯದೇ ಆಯಿತು. ತಮ್ಮನ ಊರಿನ ಸಂಗತಿ ಬೇರೆ. ನ್ಯೂಜಿಲೆಂಡಿನ ನೆಲದ ಮೇಲೆ ಮೂಲದಿಂದ ಇದ್ದ ಸಸ್ತನಿ ಅಂದರೆ ಬಾವಲಿ ಮಾತ್ರ. ಕೆಂಜಿಂಕೆಗಳನ್ನು ವಲಸೆ ಹೋದ ಬಿಳಿಯರು 19ನೇ ಶತಮಾನದಲ್ಲಿ ಹಡಗಿನಲ್ಲಿ ತಂದು ಬಿಟ್ಟರು. ನಮ್ಮ ಹಿಮಾಲಯದ ಥಾರ್ ಎಂಬ ಕಾಡುಮೇಕೆಯನ್ನು 1904ರಲ್ಲಿ ಅಲ್ಲಿಯ ಬೆಟ್ಟಗಳಿಗೆ ಬಿಟ್ಟರು. ಮೇಯುವ ಸಸ್ತನಿಯನ್ನೇ ಕಾಣದೆ ಬೆಳೆದಿದ್ದ ಅಲ್ಲಿಯ ಗಿಡಮರಗಳನ್ನು ಇವು ಮೇಯುತ್ತಲೇ ಇವೆ. ಸರ್ಕಾರಿ ಸಂರಕ್ಷಿತ ಕಾಡಿನಲ್ಲಿ ಜಿಂಕೆ ಹೊಡೆಯಲು ಅಲ್ಲಿನ ಸಂರಕ್ಷಣಾ ಇಲಾಖೆಯೇ ಪರವಾನಗಿ ಕೊಡುತ್ತದೆ. ಇಷ್ಟನ್ನು ಓದಿ ತಿಳಿದ ಮೇಲೆ ಈ ಕೆಲಸಕ್ಕೆ ಮನಸ್ಸು ಒಪ್ಪಿತು.

ಶ್ರಾವಣದ ಮೊದಲ ವಾರಗಳು

ತಮ್ಮನ ಗುಂಪಿನವರನ್ನೂ ಅವರ ಪರಿಚಯದವರನ್ನೂ ಫೋನಿನಲ್ಲಿ ಮಾತಾಡಿಸುತ್ತಿದ್ದೇನೆ. "ನಿಮ್ಮ ರೈಫಲ್ ಹೇಗಿದೆ" ಅಂತ ಕೇಳಿದರೆ ಎಲ್ಲರೂ "ಚೆನ್ನಾಗಿದೆ" ಅನ್ನುತ್ತಾರೆ. ದುಡ್ಡು ಕೊಟ್ಟು ತಂದದ್ದನ್ನು ಬೈಯಲು ಯಾರಿಗೂ ಮನಸ್ಸು ಬರುವುದಿಲ್ಲ. ಅದಕ್ಕೇ ಕೇಳುವ ರೀತಿ ಬದಲಿಸಿದೆ. ಕೊಂಡ ಮೇಲೆ ಏನನ್ನು ಬಿಚ್ಚಿ ಬೇರೆ ಹಾಕಿಸಿದಿರಿ? ಇದಕ್ಕಿಂತ ಮುಂಚೆ ಇದ್ದದ್ದನ್ನು ಯಾಕೆ ಮಾರಿದಿರಿ? ಮಳೆಯಲ್ಲಿ ನೆನೆದ ಮೇಲೆ ಗುರಿ ಸರಿಯಿತೇ? ಹೀಗೆ ಕೇಳಿದ ಮೇಲೆ ಬಾಯಿ ಬಿಡತೊಡಗಿದರು.

ಒಬ್ಬರು ಬಹಳ ಕಾಲ ಅತಿ ಹಗುರವಾದದ್ದನ್ನು ಹೊತ್ತು ಥಾರ್ ಬೆಟ್ಟಗಳಲ್ಲಿ ಓಡಾಡಿದವರು. ಸ್ಕೋಪ್ (ಗುರಿ ಹಿಡಿಯುವ ದುರ್ಬೀನು) ಇಲ್ಲದೆ ತೂಗಿದರೆ ಎರಡು ಕಾಲು ಕಿಲೋ ಅಂದರು. ಹತ್ತುವಾಗ ಅದರಂಥ ಸಂಗಾತಿ ಇಲ್ಲವಂತೆ. ಆದರೆ ಏದುಸಿರು ಬಿಡುತ್ತಾ ದಿಬ್ಬದ ಮೇಲೆ ಬಂದು ನಿಂತು ಹೆಗಲಿಗೇರಿಸಿದರೆ ನಳಿಗೆಯ ತುದಿ ನಿಲ್ಲುವುದೇ ಇಲ್ಲವಂತೆ. ಎದೆಬಡಿತವೆಲ್ಲ ಸ್ಕೋಪಿನ ಗೆರೆಯಲ್ಲಿ ಕಾಣುತ್ತದೆ ಅಂದರು. ಬ್ಯಾಗಿನ ಮೇಲೆ ಒರಗಿಸಿ ಮಲಗಿ ಹೊಡೆಯಲು ಜಾಗ ಸಿಕ್ಕರೆ ತೊಂದರೆ ಇಲ್ಲ, ನಿಂತು ಹೊಡೆಯಬೇಕಾದರೆ ತಾವು ಹೊಡೆಯುವುದೇ ಇಲ್ಲ ಅಂದರು. ಅವರ ಮೇಲೆ ಗೌರವ ಮೂಡಿತು. ಗಾಯಗೊಂಡ ಜಿಂಕೆ ಕಣಿವೆಗಿಳಿದು ಎಲ್ಲೋ ಬಿದ್ದು ನರಳುವುದಕ್ಕಿಂತ ಬರಿಗೈಯಲ್ಲಿ ವಾಪಸ್ಸಾಗುವುದು ಎಷ್ಟೋ ಮೇಲು. ರೈಫಲ್ ಆರಿಸುವಾಗ ನನ್ನ ಮುಖ್ಯ ಅಳತೆಗೋಲು ಇದೇ: ದಣಿದ ಮನುಷ್ಯನ ಕೈಯಲ್ಲಿ ಮೊದಲ ಈಡೇ ಜಾಗಕ್ಕೆ ಸರಿಯಾಗಿ ಬೀಳಬೇಕು.

ಇನ್ನೊಬ್ಬರ ಅನುಭವ ನಳಿಗೆ ಕಾಯುವುದರ ಬಗ್ಗೆ. ತೂಕ ಇಳಿಸಲು ನಳಿಗೆಯನ್ನು ಸಪೂರ ಮಾಡಿರುತ್ತಾರೆ. ಬೆನ್ನುಬೆನ್ನಿಗೆ ಮೂರು ಈಡು ಹೊಡೆದರೆ ಅದು ಬಿಸಿಯೇರುತ್ತದೆ, ನಾಲ್ಕನೆಯದು ಐದನೆಯದು ಬೇರೆ ಕಡೆ ಬೀಳಬಹುದು. ರೇಂಜಿನಲ್ಲಿ ಐದು ಈಡಿನ ತೂತುಗಳು ಕಾಗದದ ಮೇಲೆ ಚದುರಿದ್ದನ್ನು ನೋಡಿ ಬೇಸರಪಟ್ಟು ಮಾರಿಬಿಟ್ಟವರೂ ಇದ್ದಾರೆ. ನಾನು ಕಾಗದದ ಗುರಿಯವನಾದ್ದರಿಂದ ಆ ಬೇಸರ ಅರ್ಥವಾಗುತ್ತದೆ. ಆದರೆ ಬೆಟ್ಟದಲ್ಲಿ ಲೆಕ್ಕಕ್ಕೆ ಬರುವುದು ತಣ್ಣಗಿರುವ ನಳಿಗೆಯ ಮೊದಲ ಗುಂಡು. ಅದಕ್ಕಾಗಿ ಬೇರೆ ಬೇರೆ ದಿನ ಒಂದೊಂದೇ ಈಡು ಹೊಡೆದು, ಎಲ್ಲವನ್ನೂ ಒಂದೇ ಕಾಗದದಲ್ಲಿ ಗುರುತಿಸಿಟ್ಟುಕೊಂಡವರ ಮಾತಿಗೆ ಹೆಚ್ಚು ಬೆಲೆ ಕೊಡುತ್ತಿದ್ದೇನೆ.

ಶ್ರಾವಣ, ಮುಂದುವರಿದು

ಒದೆತದ ಲೆಕ್ಕ ಕೂತು ಹಾಕಿದೆ. ಗುಂಡು ಮತ್ತು ಮದ್ದಿನ ಅನಿಲ ಮುಂದಕ್ಕೆ ಒಯ್ಯುವ ಸಂವೇಗದಷ್ಟೇ ಸಂವೇಗ ಕೋವಿಗೆ ಹಿಂದಕ್ಕೆ ಬರುತ್ತದೆ. ತೋಟೆ ಅದೇ ಆದರೆ ಸಂವೇಗವೂ ಅಷ್ಟೇ. ಹಾಗಾಗಿ ಹೆಗಲಿಗೆ ತಾಗುವ ಶಕ್ತಿ ಕೋವಿಯ ತೂಕಕ್ಕೆ ವಿಲೋಮ. .308 ತೋಟೆಯಲ್ಲಿ 150 ಗ್ರೇನ್, ಅಂದರೆ ಸುಮಾರು 9.7 ಗ್ರಾಂ ಗುಂಡು ಅಂತಿಟ್ಟುಕೊಂಡರೆ, ಸ್ಕೋಪ್ ಸೇರಿ 4 ಕಿಲೋ ಇರುವ ಕೋವಿ ಸುಮಾರು 18 ಜೂಲ್ ಒದೆಯುತ್ತದೆ. 3 ಕಿಲೋಗೆ ಇಳಿಸಿದರೆ 23 ಜೂಲ್ ದಾಟುತ್ತದೆ, 2.7 ಕಿಲೋಗೆ ಬಂದರೆ 26. ಅಂಕಿ ಚಿಕ್ಕದಾಗಿ ಕಾಣಬಹುದು. ಆದರೆ ಹೊಸಬನಿಗೆ ಒದೆತದ ಭಯ ಒಮ್ಮೆ ಅಂಟಿತೆಂದರೆ ಟ್ರಿಗರ್ ಎಳೆಯುವ ಮುಂಚೆಯೇ ಕಣ್ಣು ಮುಚ್ಚುತ್ತದೆ, ಹೆಗಲು ಮುಂದಕ್ಕೆ ತಳ್ಳುತ್ತದೆ. ಆ ಚಾಳಿ ಬಿಡಿಸುವುದು ಎಷ್ಟು ಕಷ್ಟ ಅಂತ ರೇಂಜಿನಲ್ಲಿ ಕಂಡಿದ್ದೇನೆ. ಒದೆತವೇ ಇಲ್ಲದ .22ರಲ್ಲೂ ಬರಿಯ ಸದ್ದಿಗೆ ಬೆಚ್ಚುವವರಿದ್ದಾರೆ.

ಇಲ್ಲಿಂದ ತೋಟೆಯ ಪ್ರಶ್ನೆ ಬಂತು. ಹೆಚ್ಚಿನವರು ಹೇಳಿದ್ದು .308, ಕೆಲವರು 6.5 ಕ್ರೀಡ್‌ಮೂರ್, ಹಗುರ ಕೋವಿ ಹೊರುವ ಕೆಲವರು 7ಎಂಎಂ-08. ಈ ಕೊನೆಯದು 1980ರಲ್ಲಿ ರೆಮಿಂಗ್ಟನ್ ಹೊರತಂದದ್ದು. .308 ತೋಟೆಯ ಲೋಹದ ಕೋಶದ ಕತ್ತನ್ನೇ ಕಿರಿದು ಮಾಡಿ 7 ಮಿಲಿಮೀಟರ್ ಗುಂಡು ಕೂರಿಸಿದ್ದಾರೆ. 140 ಗ್ರೇನ್ ಗುಂಡು ಹೆಚ್ಚುಕಡಿಮೆ ಅದೇ ವೇಗದಲ್ಲಿ ಹೋಗುತ್ತದೆ, ಒದೆತ ಮಾತ್ರ .308ಕ್ಕಿಂತ ಹತ್ತರಲ್ಲೊಂದು ಪಾಲು ಕಡಿಮೆ. ಇದರ ಬಲ ಹಳೆಯ 7×57 ಮೌಸರ್ ತೋಟೆಗೆ ಬಹಳ ಹತ್ತಿರ. ಜಿಮ್ ಕಾರ್ಬೆಟ್ ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದದ್ದಕ್ಕೆ 1907ರಲ್ಲಿ ಉಡುಗೊರೆಯಾಗಿ ಬಂದ .275 ರಿಗ್ಬಿ ಹೊಡೆಯುತ್ತಿದ್ದದ್ದೂ ಈ 7×57 ತೋಟೆಯನ್ನೇ. ಇಂಗ್ಲಿಷರು ಅದಕ್ಕೆ ಇಟ್ಟ ಹೆಸರು .275. ಹಗುರವಾದ ಬೋಲ್ಟ್ ಆಕ್ಷನ್, ಮಧ್ಯಮ ತೋಟೆ, ಕೈಗೆ ಒಗ್ಗಿದ ಗುರಿ. ನೂರು ವರ್ಷದ ಹಿಂದೆ ಕುಮಾವೂಂ ಬೆಟ್ಟಗಳಲ್ಲಿ ನಡೆದೇ ಓಡಾಡಿದವರಿಗೆ ಒಪ್ಪಿದ ಜೋಡಿ ಇದು. ನನ್ನ ಮನಸ್ಸು ಇದರ ಕಡೆಗೇ ವಾಲಿದೆ.

ಭಾದ್ರಪದ, ಕೈಲ್‌ಪೊಳ್ದ್ ಆದ ಮೇಲೆ

ನಮ್ಮೂರಿನ ವಿಜಯನಗರ ಬಡಾವಣೆಯಲ್ಲಿರುವ ಕೊಡಗಿನ ಹಿರಿಯರೊಬ್ಬರು ಮನೆಗೆ ಕರೆದಿದ್ದರು. ಕೈಲ್‌ಪೊಳ್ದ್ ಅಂದರೆ ಕೊಡವರ ಆಯುಧಪೂಜೆ. ಆ ಹಬ್ಬಕ್ಕೆ ಊರಿನಲ್ಲಿ ಪೂಜೆ ಮಾಡಿ ತಂದ ಕೋವಿಗಳಲ್ಲಿ ಅವರ ತಂದೆಯ ಕಾಲದ ಬ್ರನೋ ಬೋಲ್ಟ್ ಆಕ್ಷನ್ ಒಂದಿದೆ, 7×57ರದ್ದು. ಚೆಕೊಸ್ಲೊವಾಕಿಯದ ಮಾಲು. ಬೋಲ್ಟ್ ತೆಗೆದು, ಚೇಂಬರಿಗೆ ಬೆರಳು ಹಾಕಿ ಖಾಲಿ ಇದೆಯೆಂದು ತಾವೂ ನೋಡಿ ನನಗೂ ತೋರಿಸಿ, ಆಮೇಲೆ ಕೈಗೆ ಕೊಟ್ಟರು. ಬೋಲ್ಟ್ ಹಾಕಿ ಎಳೆದರೆ ಬೆಣ್ಣೆಯಲ್ಲಿ ಕತ್ತಿ ಆಡಿದ ಹಾಗೆ. ಹೆಗಲಿಗೇರಿಸಿದ ಕೂಡಲೇ ಕಣ್ಣು ತಾನಾಗಿ ಗುರಿಯ ಸಾಲಿಗೆ ಬಂತು.

"ತೂಕ ಎಷ್ಟು ಅಂತ ಕೇಳಬೇಡಿ, ತೂಕ ಎಲ್ಲಿದೆ ಅಂತ ಕೇಳಿ" ಅಂದರು. ಮ್ಯಾಗಝೀನಿನ ಮುಂದೆ ಎರಡು ಬೆರಳ ಮೇಲೆ ಇಟ್ಟು ತೋರಿಸಿದರು, ತಕ್ಕಡಿ ನಿಂತಂತೆ ನಿಂತಿತು. ಮುಂಭಾಗ ತೀರಾ ಹಗುರವಾದರೆ ತುದಿ ಗಾಳಿಗೆ ಆಡುತ್ತದೆ, ತೀರಾ ಭಾರವಾದರೆ ಎಡಗೈ ಸೋಲುತ್ತದೆ. ಚಿಕ್ಕಂದಿನಲ್ಲಿ ಅವರು ಹಂದಿಗೆ ಹೋಗುತ್ತಿದ್ದ ಕಾಲದ ಕೇಪಿನ ಕೋವಿಗಳಿಂದ ಹಿಡಿದು ತೋಟೆ ಕೋವಿಗಳವರೆಗೆ ಒಂದೊಂದರ ಗುಣ ಹೇಳುತ್ತಾ ಹೋದರು. ಈಗ ವರ್ಷಕ್ಕೊಮ್ಮೆ ಪೂಜೆ, ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯುವುದು, ಇಷ್ಟೇ. ಆದರೂ ಬೋಲ್ಟಿಗೆ ಎಣ್ಣೆ ಸವರುವುದನ್ನು ಅವರು ಒಂದು ತಿಂಗಳೂ ಬಿಟ್ಟಿಲ್ಲ. ಅವರಿಂದ ಕಲಿತದ್ದನ್ನು ಅಂದು ರಾತ್ರಿಯೇ ತಮ್ಮನಿಗೆ ಹೇಳಿದೆ: ಅಂಗಡಿಗೆ ಹೋದಾಗ ಕಣ್ಣು ಮುಚ್ಚಿ ಹೆಗಲಿಗೇರಿಸು, ಆಮೇಲೆ ಕಣ್ಣು ತೆರೆ. ಸ್ಕೋಪಿನ ಒಳಗೆ ಪೂರ್ತಿ ಬೆಳಕು ಕಂಡರೆ ಆ ಸ್ಟಾಕ್ (ಹೆಗಲಿಗೆ ಆನಿಸುವ ಹಿಡಿ) ನಿನ್ನ ಮೈಗೆ ಹೊಂದುತ್ತದೆ, ಕತ್ತು ಎತ್ತಿ ಹುಡುಕಬೇಕಾದರೆ ಅದು ನಿನ್ನದಲ್ಲ.

ಅದೇ ತಿಂಗಳು ಕರಿಘಟ್ಟ

ಒಂದು ಕಿಲೋ ವ್ಯತ್ಯಾಸ ಬೆಟ್ಟದಲ್ಲಿ ಎಷ್ಟು ತಿಳಿಯುತ್ತದೆ ಅನ್ನುವುದನ್ನು ನಾನೇ ನೋಡಬೇಕಿತ್ತು. ಮಂಡ್ಯದಿಂದ ತಂದ ಅಚ್ಚುಬೆಲ್ಲವನ್ನು ತೂಗಿ ಹೆಗಲಿಗೆ ತೂಗುಬಿಡುವ ಚೀಲಕ್ಕೆ ಹಾಕಿಕೊಂಡು ಶ್ರೀರಂಗಪಟ್ಟಣದ ಪಕ್ಕದ ಕರಿಘಟ್ಟ ಹತ್ತಿದೆ. ಒಮ್ಮೆ ಮೂರು ಕಿಲೋ, ಇನ್ನೊಂದು ಬೆಳಿಗ್ಗೆ ನಾಲ್ಕು. ಮೆಟ್ಟಿಲು ಹತ್ತುವಾಗ ಎರಡಕ್ಕೂ ಅಂಥ ಭೇದ ಗೊತ್ತಾಗಲಿಲ್ಲ. ಗೊತ್ತಾದದ್ದು ಚೀಲದ ಪಟ್ಟಿಯಲ್ಲಿ: ಸಪೂರ ಪಟ್ಟಿ ಹಾಕಿದ ದಿನ ಮೂರು ಕಿಲೋವೂ ಕತ್ತಿನ ಬುಡ ಕೊರೆಯಿತು, ಅಗಲ ಪಟ್ಟಿಯಲ್ಲಿ ನಾಲ್ಕು ಕಿಲೋ ಹಾಯಾಗಿ ಬಂತು. ಕರಿಘಟ್ಟ ಎಲ್ಲಿ, ಇಡೀ ದಿನ ನಡೆಸುವ ಅಲ್ಲಿಯ ಪರ್ವತ ಎಲ್ಲಿ, ಅದು ನಿಜ. ಆದರೂ ನೂರಿನ್ನೂರು ಗ್ರಾಂ ಉಳಿಸಲು ಸಾವಿರಗಟ್ಟಲೆ ಡಾಲರ್ ಹೆಚ್ಚಿಗೆ ಕೊಡುವ ಮುಂಚೆ ಒಳ್ಳೆಯ ಪಟ್ಟಿಯೊಂದನ್ನು ಕೊಳ್ಳಬೇಕು ಅನ್ನುವುದು ನನಗೆ ಖಾತ್ರಿಯಾಗಿದೆ.

ಆಯುಧಪೂಜೆ ಕಳೆದು

ಆಯ್ಕೆಯ ಯಾದಿ ಚಿಕ್ಕದಾಗಿದೆ. ಉಳಿದದ್ದು ಕಿಂಬರ್ ಮೊಂಟಾನಾ ಮತ್ತು ಟಿಕ್ಕಾ ಟಿ3ಎಕ್ಸ್ ಲೈಟ್.

ಕಿಂಬರ್ 84ಎಂ ಮೊಂಟಾನಾ ಸುಮಾರು 2.3 ಕಿಲೋ. ತೋಟೆಯ ಅಳತೆಗೆ ತಕ್ಕಂತೆ ಆಕ್ಷನ್ನನ್ನೇ, ಅಂದರೆ ಬೋಲ್ಟ್ ಆಡುವ ಉಕ್ಕಿನ ಭಾಗವನ್ನೇ, ಚಿಕ್ಕದಾಗಿ ಮಾಡಿದ್ದಾರೆ. ತೂಕ ಉಳಿದಿರುವುದರಲ್ಲಿ ಅದರದ್ದೂ ದೊಡ್ಡ ಪಾಲಿದೆ. ತೋಟೆಯ ಅಂಚನ್ನು ಉಗುರಿನಂತೆ ಕಚ್ಚಿ ಹಿಡಿಯುವ ಮೌಸರ್ ಮಾದರಿಯ ಎಕ್ಸ್‌ಟ್ರಾಕ್ಟರ್, ಮೂರು ಹಂತದ ಸೇಫ್ಟಿ. ಮಧ್ಯದ ಹಂತದಲ್ಲಿಟ್ಟರೆ ಟ್ರಿಗರ್ ಬಂದಾಗಿದ್ದೂ ಬೋಲ್ಟ್ ತೆರೆದು ತೋಟೆ ಹೊರಗೆ ತೆಗೆಯಬಹುದು. ಯಂತ್ರದ ಅಂದ ಬಲ್ಲವರಿಗೆ ಪ್ರೀತಿ ಹುಟ್ಟಿಸುವ ವಸ್ತು ಅದು, ನನಗೂ ಹುಟ್ಟಿತು.

ಟಿಕ್ಕಾ ಫಿನ್ಲೆಂಡಿನ ರಿಹಿಮಾಕಿಯ ಸಾಕೊ ಕಾರ್ಖಾನೆಯದ್ದು. ಮೂರು ಕಿಲೋಗೆ ಸ್ವಲ್ಪ ಕಡಿಮೆ ತೂಗುತ್ತದೆ. ಎಲ್ಲ ತೋಟೆಗಳಿಗೂ ಒಂದೇ ಉದ್ದದ ಆಕ್ಷನ್, ಆದ್ದರಿಂದ 7ಎಂಎಂ-08ರಂಥ ಗಿಡ್ಡ ತೋಟೆಗೆ ಅಲ್ಲಿ ಬೇಡದ ಉಕ್ಕು ಒಂದಿಷ್ಟಿದೆ. ಬಳಸಿದವರ ಆಕ್ಷೇಪಗಳೆಂದರೆ ಪ್ಲಾಸ್ಟಿಕ್ ಮ್ಯಾಗಝೀನು, ಅದರಲ್ಲಿ ಮೂರೇ ತೋಟೆ, ಒಳಗೆ ಟೊಳ್ಳಾದ ಸ್ಟಾಕ್ ಕೊಂಬೆಗೆ ತಾಗಿದರೆ ಸದ್ದು ಮಾಡುವುದು. ಹಳೆಯ ಟಿ3ರಲ್ಲಿ ಅಲ್ಯೂಮಿನಿಯಂ ಇದ್ದ ರಿಕಾಯ್ಲ್ ಲಗ್ (ಒದೆತವನ್ನು ಸ್ಟಾಕಿಗೆ ದಾಟಿಸುವ ತುಂಡು) ಅನ್ನು ಟಿ3ಎಕ್ಸ್‌ನಲ್ಲಿ ಉಕ್ಕಿನದು ಮಾಡಿದ್ದಾರೆ, ಸ್ಟಾಕಿನೊಳಗೆ ಸದ್ದು ತಗ್ಗಿಸುವ ಫೋಮ್ ತುಂಡು ಇಟ್ಟಿದ್ದಾರೆ, ಒಂದೊಂದೇ ತೋಟೆ ಮೇಲಿನಿಂದ ಹಾಕಲು ಬಾಯಿಯನ್ನು ಅಗಲಿಸಿದ್ದಾರೆ. ಬಳಸಿದವರ ದೂರು ಕಾರ್ಖಾನೆಯ ಕಿವಿಗೆ ಬಿದ್ದಿದೆ ಅನ್ನುವುದು ಇದರಲ್ಲಿ ಕಾಣುತ್ತದೆ. ಇನ್ನು ಗುರಿಯ ವಿಷಯದಲ್ಲಿ ನಾನು ಮಾತಾಡಿಸಿದ ಟಿಕ್ಕಾದವರಲ್ಲಿ ಒಬ್ಬರೂ ತಲೆ ಕೆಡಿಸಿಕೊಂಡಿರಲಿಲ್ಲ. "ಡಬ್ಬಿಯಿಂದ ತೆಗೆದೆ, ಸ್ಕೋಪ್ ಕೂರಿಸಿದೆ, ಹೊಡೆದೆ" ಅನ್ನುವುದೇ ಮಾತು. ಬೋಲ್ಟ್ ನಯ, ಟ್ರಿಗರ್ ಸ್ವಚ್ಛ, ಅದರ ಎಳೆತವನ್ನು ಒಂದರಿಂದ ಎರಡು ಕಿಲೋ ನಡುವೆ ಹೊಂದಿಸಿಕೊಳ್ಳಬಹುದು.

ತಮ್ಮ ಎರಡನ್ನೂ ಕೈಯಲ್ಲಿ ಹಿಡಿದು ನೋಡಿ ಬಂದ. ಹಗುರದ್ದೇ ಬೇಕು ಅಂತಲೇ ಹೋಗಿದ್ದವನು. "ಹಗುರದ್ದು ಹಿಡಿದರೆ ಖುಷಿ ಆಗುತ್ತೆ ಅಣ್ಣಾ, ಆದರೆ ನಿಂತು ಗೋಡೆಯ ಮೇಲಿನ ಚುಕ್ಕಿಗೆ ಹಿಡಿದರೆ ಅದು ನಿಲ್ಲಲ್ಲ. ಇನ್ನೊಂದು ನಿಲ್ಲುತ್ತೆ" ಅಂದ.

ದೀಪಾವಳಿ

ತೀರ್ಮಾನ: ಟಿ3ಎಕ್ಸ್ ಲೈಟ್, 7ಎಂಎಂ-08, ಸ್ಟೇನ್‌ಲೆಸ್, ಗಿಡ್ಡ ನಳಿಗೆ, ಬಾಯಿಗೆ ಥ್ರೆಡ್ ಮಾಡಿದ್ದು. ಥ್ರೆಡ್ ಬೇಕಾದದ್ದು ಸಪ್ರೆಸರ್‌ಗೆ, ಅಂದರೆ ಸದ್ದು ತಗ್ಗಿಸಲು ನಳಿಗೆಯ ಬಾಯಿಗೆ ತಿರುಗಿಸಿ ಹಾಕುವ ಕೊಳವೆಗೆ. ಅದು ಅಲ್ಲಿ ಕಾನೂನುಬದ್ಧ ಮತ್ತು ತೀರಾ ಸಾಮಾನ್ಯ. ಕಿವಿ ಉಳಿಯುತ್ತದೆ, ಒದೆತವೂ ತಗ್ಗುತ್ತದೆ. 300ರಿಂದ 500 ಗ್ರಾಂ ತೂಕ ತುದಿಗೇ ಸೇರುವುದರಿಂದ ನಳಿಗೆ ಗಿಡ್ಡವಿದ್ದರೆ ಒಳ್ಳೆಯದು ಅಂತ ಅಲ್ಲಿಯವರ ಸಲಹೆ. ನಳಿಗೆ ಒಂದು ಇಂಚು ಕಡಿಮೆಯಾದರೆ ಗುಂಡಿನ ವೇಗ ಸೆಕೆಂಡಿಗೆ ಸುಮಾರು 20–30 ಅಡಿ ಇಳಿಯುತ್ತದೆ. ತಮ್ಮ ಹೊಡೆಯುವ ದೂರಕ್ಕೆ ಅದು ಲೆಕ್ಕಕ್ಕಿಲ್ಲ. ಇನ್ನೂರು ಮೀಟರ್ ಮೀರಿ ಹೊಡೆಯುವುದಿಲ್ಲ ಅಂತ ಮಾತು ತೆಗೆದುಕೊಂಡಿದ್ದೇನೆ. ಸ್ಕೋಪ್ 3–9×40 (3ರಿಂದ 9 ಪಟ್ಟು ಹಿಗ್ಗಿಸಿ ತೋರಿಸುವ, ಮುಂದಿನ ಗಾಜು 40 ಮಿಲಿಮೀಟರ್), 400 ಗ್ರಾಂ ಒಳಗಿನದು. ಎಲ್ಲ ಸೇರಿ 4 ಕಿಲೋಗೆ ತುಸು ಕಡಿಮೆ. ಶುರುವಿನಲ್ಲಿ ಅವನು ಬಯಸಿದ್ದಕ್ಕಿಂತ ಒಂದು ಕಿಲೋಗೂ ಹೆಚ್ಚು. ಈ ತೂಕದ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ.

ಇನ್ನುಳಿದ ಕೆಲಸ: ಸ್ಕೋಪಿನ ರಿಂಗುಗಳ ತಿರುಪನ್ನು ಟಾರ್ಕ್ ಸ್ಕ್ರೂಡ್ರೈವರಿನಲ್ಲಿ ಬಿಗಿ ಮಾಡಬೇಕು. ಎರಡು ಮೂರು ಬಗೆಯ ತೋಟೆ ತಂದು ಯಾವುದು ಒಪ್ಪುತ್ತದೆ ನೋಡಬೇಕು. ಸಪ್ರೆಸರ್ ಹಾಕಿದಾಗಲೂ ತೆಗೆದಾಗಲೂ ಗುರಿ ಎಷ್ಟು ಸರಿಯುತ್ತದೆ ಅಂತ ಬರೆದಿಟ್ಟುಕೊಳ್ಳಬೇಕು. ಅಗಲ ಪಟ್ಟಿಯನ್ನು ಇಲ್ಲಿಂದಲೇ ಕಳಿಸುತ್ತಿದ್ದೇನೆ, ನಮ್ಮ ಚರ್ಮದ ಕೆಲಸದವರೊಬ್ಬರ ಹತ್ತಿರ ಹೊಲಿಸಿದ್ದು. ಗಂಡು ಜಿಂಕೆಗಳು ಬೆದೆಗೆ ಬಂದು ಕೂಗುವ ಕಾಲ ಅಲ್ಲಿ ಮಾರ್ಚ್ ಕೊನೆಯಿಂದ ಏಪ್ರಿಲ್. ಕಾಡಿನಲ್ಲಿ ಶಿಕಾರಿಯವರು ತುಂಬಿರುವ ಕಾಲವೂ ಅದೇ, ಗುರಿ ಏನೆಂದು ಖಚಿತವಾಗದೆ ಬೆರಳು ಟ್ರಿಗರ್ ಮುಟ್ಟಬಾರದು ಅನ್ನುವ ನಿಯಮ ಎಲ್ಲಕ್ಕಿಂತ ಮುಖ್ಯವಾಗುವ ಕಾಲ. ಅಷ್ಟರೊಳಗೆ ಅವನು ಮಲಗಿ, ಕೂತು, ಮಂಡಿಯೂರಿ ನೂರು ಮೀಟರಿಗೆ ಹೊಡೆದ ಕಾಗದಗಳ ಫೋಟೋ ಕಳಿಸಬೇಕು. ತಣ್ಣನೆ ನಳಿಗೆಯ ಮೊದಲ ಈಡುಗಳಿಗೆ ಬೇರೆಯೇ ಕಾಗದ. ಮುಂದಿನ ಬರಹ ಆ ಕಾಗದಗಳ ಮೇಲೆ.