ಸಾಕ್ಸಿನಲ್ಲಿ ಸುತ್ತಿ ತಂದ ಬಾಟಲಿ

ಮೊದಲು ಒಂದು ಮಾತು ಹೇಳಿಬಿಡ್ತೀನಿ, ಯಾಕಂದ್ರೆ ಆ ಬೆಳಗಿನ ಸಿಟ್ಟು ಇನ್ನೂ ಇಳಿದಿಲ್ಲ. ಹೊರದೇಶದವರನ್ನು ಕರೆದುಕೊಂಡು ಕೊಪ್ಪಳದ ಕಡೆ ಹೋಗುವವರು ಲಾಡ್ಜಿಗೆ ಮುಂಚೆಯೇ ಫೋನ್ ಮಾಡಿ, ‘ಫಾರ್ಮ್ ಸಿ ತುಂಬ್ತೀರಾ?’ ಅಂತ ಕೇಳಿ. ವಿದೇಶಿಯರು ಉಳಿದುಕೊಂಡರೆ 24 ಗಂಟೆಯೊಳಗೆ ಆ ಫಾರ್ಮ್ ಕಳಿಸಬೇಕು ಅನ್ನೋದು ನಿಯಮ. ಸಣ್ಣ ಲಾಡ್ಜಿನವರಿಗೆ ಈ ತಾಪತ್ರಯ ಬೇಡ. ಬುಕಿಂಗ್ ಆ್ಯಪಿಗೆ ಇದು ಯಾವುದೂ ಗೊತ್ತಿಲ್ಲ, ದುಡ್ಡು ಇಸಕೊಂಡು ಹಸಿರು ಟಿಕ್ ತೋರಿಸಿ ಸುಮ್ಮನಾಗುತ್ತದೆ. ಹಂಪಿ ಎಕ್ಸ್‌ಪ್ರೆಸ್ಸಿನಿಂದ ಬೆಳಿಗ್ಗೆ ಇಳಿದ ನಾವು ಒಂಬತ್ತು ಜನ, ಫಿನ್ಲೆಂಡಿನ ಆರು ಮಕ್ಕಳು, ಅವರ ಇಬ್ಬರು ಟೀಚರು, ಮತ್ತೆ ನಾನು, ಲಾಡ್ಜಿನ ಮೆಟ್ಟಿಲ ಮೇಲೆ ಒಂದೂವರೆ ಗಂಟೆ ಕೂತಿದ್ದೆವು. "ಫಾರಿನ್‌ದವ್ರಿಗೆ ಕೊಡಂಗಿಲ್ರಿ ಅಕ್ಕಾರ" ಅನ್ನುವುದೊಂದು ಬಿಟ್ಟು ಕೌಂಟರಿನ ಹುಡುಗ ಬೇರೇನೂ ಹೇಳಲಿಲ್ಲ. ದುಡ್ಡು ಇನ್ನೂ ವಾಪಸ್ ಬಂದಿಲ್ಲ.

ಕೊನೆಗೆ ನನ್ನ ಗೆಳತಿ ಫೋನಿನಲ್ಲೇ ಬೈದಳು. "ಸುಮ್ನ ಮನಿಗೆ ಕರ್ಕೊಂಡ್ ಬಾರವ್ವ, ಅಲ್ಲೇನ್ ಕುಂತಿ?" ಅವಳ ಮನೆಯಲ್ಲಿ ಒಂದೇ ಬಚ್ಚಲು. ಎಲ್ಲರ ಸ್ನಾನ ಮುಗಿಯುವಷ್ಟರಲ್ಲಿ ವಗ್ಗರಣಿ ಮಂಡಕ್ಕಿ ಎರಡು ಸಲ ಖಾಲಿಯಾಗಿ ಮೂರನೇ ಸಲ ಒಲೆ ಮೇಲಿತ್ತು. ಮಿರ್ಚಿ ಕಚ್ಚಿದ ಹುಡುಗನೊಬ್ಬನಿಗೆ ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡು ಇನ್ನೊಂದು ತಗೊಂಡ. ಮಧ್ಯಾಹ್ನ ಹೊಸಪೇಟೆಯಲ್ಲಿ ರೂಮು ಸಿಕ್ಕಿತು, ಫಾರ್ಮ್ ಸಿ ತುಂಬುವವರು.

ಗೆಳತಿ ಕೊಪ್ಪಳ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಊರಿನ ಹೆಸರು ಬರೆಯಲ್ಲ, ಯಾಕೆ ಅಂತ ಮುಂದೆ ಓದಿದರೆ ಗೊತ್ತಾಗುತ್ತದೆ. ಒಂದೂವರೆ ವರ್ಷದಿಂದ ಅವಳ ಶಾಲೆಗೂ ಆಗ್ನೇಯ ಫಿನ್ಲೆಂಡಿನ ಒಂದು ಶಾಲೆಗೂ ಜೋಡಿ. ತಿಂಗಳಿಗೊಂದು ವಿಡಿಯೋ ಕಾಲ್, ವಿಷಯ ಪರಿಸರ ಮತ್ತು ಆರೋಗ್ಯ. ಒಂದು ತಿಂಗಳು ಕಸ, ಒಂದು ತಿಂಗಳು ಊಟ, ಒಂದು ತಿಂಗಳು ನೀರು. ಯುರೋಪಿನ ಶಾಲೆಗಳಿಗೆ ಇದು ಹಳೇ ಅಭ್ಯಾಸ. ಮೊದಲು ಕೊಮೆನಿಯಸ್ ಅನ್ನುವ ಯೋಜನೆ ಇತ್ತು, 2014ರಿಂದ ಅದನ್ನೂ ಸೇರಿಸಿಕೊಂಡು ಎರಾಸ್ಮಸ್ ಪ್ಲಸ್ ಆಯಿತು, ಖರ್ಚು ಯುರೋಪಿಯನ್ ಯೂನಿಯನ್ನಿನದು. ಈ ಶಾಲೆಯವರು ಅದರಲ್ಲೇ ಪೋಲೆಂಡ್, ಇಟಲಿ ನೋಡಿ ಬಂದವರು. ಕೊಪ್ಪಳಕ್ಕೆ ಮಾತ್ರ ಆ ದುಡ್ಡು ಸಿಗಲಿಲ್ಲವಂತೆ. ಅರ್ಧ ಅಪ್ಪ ಅಮ್ಮ ಹಾಕಿದರು, ಉಳಿದದ್ದಕ್ಕೆ ಮಕ್ಕಳು ಮನೆಮನೆಗೆ ಹೋಗಿ ಟಾಯ್ಲೆಟ್ ಪೇಪರ್ ಮಾರಿದರು. ತಮಾಷೆ ಅಲ್ಲ, ಅಲ್ಲಿ ಶಾಲಾ ಪ್ರವಾಸಕ್ಕೆ ದುಡ್ಡು ಕೂಡಿಸೋದು ಹೀಗೇ.

ನಾನು ರಾಮನಗರದವಳು, ಕೆಲಸ ಬೆಂಗಳೂರಲ್ಲಿ. ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡಿ ಹೇಳೋಕೆ ಒಬ್ಬರು ಬೇಕು ಅಂತ ಕರೆದಿದ್ದಳು. ಫೆಬ್ರವರಿ ಕೊನೆ. ಅವರಿಗೆ ಅದು ಚಳಿಗಾಲದ ರಜೆ, ಹಿಮದಲ್ಲಿ ಜಾರೋಕೆ ಹೋಗುವ ವಾರ. ಕೊಪ್ಪಳದಲ್ಲಿ ಬಿಸಿಲು ಆಗಲೇ ನೆತ್ತಿ ಸುಡುತ್ತಿತ್ತು.

ಹೊಸಪೇಟೆಯಿಂದ ಶಾಲೆಗೆ ದಿನಾ ಓಡಾಟ. ತುಂಗಭದ್ರಾ ಡ್ಯಾಮ್ ಕಂಡಾಗಲೆಲ್ಲ ಡ್ರೈವರಣ್ಣ 2024ರ ಆಗಸ್ಟಿನಲ್ಲಿ 19ನೇ ಗೇಟು ಕಿತ್ತುಹೋದ ರಾತ್ರಿಯ ಕಥೆ ಹೇಳುತ್ತಿದ್ದ, ದಿನಕ್ಕೊಂದು ಹೊಸ ಮಸಾಲೆ ಸೇರಿಸಿ. ಮುನಿರಾಬಾದ್ ದಾಟಿ ಗಿಣಿಗೇರಾ ಬರುತ್ತಿದ್ದಂತೆ ಎಲ್ಲರೂ ಸುಮ್ಮನಾಗುತ್ತಿದ್ದರು. ರಸ್ತೆ ಬದಿಯ ಬೇವಿನ ಮರ ಬೇವಿನ ಬಣ್ಣದಲ್ಲಿ ಇಲ್ಲ. ಫಿನ್ಲೆಂಡಿನ ಟೀಚರಮ್ಮ ಗಾಡಿ ನಿಲ್ಲಿಸಿ ಒಂದು ಎಲೆಯನ್ನು ಟಿಶ್ಯೂನಲ್ಲಿ ಒರೆಸಿದರು. ಟಿಶ್ಯೂ ಕಪ್ಪಾಯಿತು. ಅದನ್ನು ಮಡಚಿ ನೋಟ್‌ಬುಕ್ಕಿನೊಳಗೆ ಇಟ್ಟುಕೊಂಡರು, ಒಂದು ಮಾತೂ ಆಡಲಿಲ್ಲ. ಕಾರ್ಖಾನೆಗಳ ಈ ಧೂಳಿನ ಸಿಟ್ಟಿಗೇ 2025ರ ಫೆಬ್ರವರಿಯಲ್ಲಿ ಕೊಪ್ಪಳ ಪೂರ್ತಿ ಬಂದ್ ಆಗಿತ್ತು, ಗವಿಮಠದ ಸ್ವಾಮಿಗಳೇ ಮುಂದೆ ನಿಂತು ಇನ್ನೊಂದು ದೊಡ್ಡ ಉಕ್ಕಿನ ಕಾರ್ಖಾನೆ ಬೇಡ ಅಂದಿದ್ದರು.

ಸ್ವಾಗತ ಸಮಾರಂಭದ ಬಗ್ಗೆ ಜಾಸ್ತಿ ಬರೆಯಲ್ಲ. ಶಾಲು, ಪೇಟ, ಹಾರ, ಏಳು ಭಾಷಣ. ಆರೋಗ್ಯಕರ ಜೀವನದ ಬಗ್ಗೆ ಮಾತಾಡೋಕೆ ಅಂತ ಮಕ್ಕಳನ್ನು ಎರಡು ಗಂಟೆ ಬಿಸಿಲಲ್ಲಿ ಕೂರಿಸಿದ್ದರು.

ಊಟದ ದಿನ ಚೆನ್ನಾಗಿತ್ತು. ಫಿನ್ಲೆಂಡಿನ ಮಕ್ಕಳು ಕಾಗದದ ತಟ್ಟೆ ತಂದಿದ್ದರು, ಅದರಲ್ಲಿ ಗೆರೆ ಹಾಕಿತ್ತು. ಅರ್ಧ ತಟ್ಟೆ ತರಕಾರಿ, ಕಾಲು ಭಾಗ ಆಲೂಗಡ್ಡೆ ಅಥವಾ ಅನ್ನ, ಇನ್ನೊಂದು ಕಾಲು ಮೀನೋ ಮಾಂಸವೋ ಕಾಳೋ. ಅಲ್ಲಿ ಶಾಲೆಯ ಊಟದ ಮನೆಯಲ್ಲಿ ಇದೇ ಮಾದರಿ. ನಮ್ಮ ಮಕ್ಕಳಿಗೂ ಹಂಚಿ, ನಿಮ್ಮ ಊಟ ಇದರಲ್ಲಿ ಇಡಿ ಅಂದರು. ಆವತ್ತು ಊರಿನವರು ಮನೆಯಿಂದ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಎಲ್ಲ ಕಳಿಸಿದ್ದರು. ಮೊದಲನೇ ಹುಡುಗ ರೊಟ್ಟಿ ಇಟ್ಟ. ಅರ್ಧ, ಕಾಲು, ಗೆರೆ ಎಲ್ಲ ಮುಚ್ಚಿಹೋಯಿತು. ರೊಟ್ಟಿ ತಟ್ಟೆಗಿಂತ ಎರಡು ಬೆರಳು ದೊಡ್ಡದು! "ಈಗೇನ್ ಮಾಡೂದ್ರಿ?" ಅಂದ. ಟೀಚರಮ್ಮನಿಗೆ ನಗು ತಡೆಯೋಕೆ ಆಗಲಿಲ್ಲ.

ಬಿಸಿಯೂಟದ ಅಡುಗೆ ಅಕ್ಕ ಒಬ್ಬರು ಅಲ್ಲೇ ನಿಂತಿದ್ದರು. ಫಿನ್ಲೆಂಡಿನಲ್ಲಿ ಎಲ್ಲ ಮಕ್ಕಳಿಗೂ ಶಾಲೆಯಲ್ಲಿ ಪುಕ್ಕಟೆ ಊಟ ಕೊಡಬೇಕು ಅನ್ನುವ ಕಾನೂನು 1948ರಿಂದಲೇ ಇದೆ, ಶುರುವಿನ ಬಡತನದ ಕಾಲದಲ್ಲಿ ಮಕ್ಕಳೇ ಕಾಡಿನಿಂದ ಹಣ್ಣು ಆಯ್ದು ತಂದು ಅಡುಗೆಮನೆಗೆ ಕೊಡಬೇಕಿತ್ತು ಅಂತ ಹೇಳಿದಾಗ ಅಕ್ಕನಿಗೆ ಬಹಳ ಖುಷಿ. ಆಮೇಲೆ ಕೇಳಿದರು. "ಅಲ್ಲೆ ಅಡಗಿ ಮಾಡೋರಿಗೆ ಪಗಾರ ಎಷ್ಟ್ ಐತ್ರಿ?" ಟೀಚರಮ್ಮ ಯೂರೋದಲ್ಲಿ ಹೇಳಿದರು. ನಾನು ಮನಸ್ಸಲ್ಲೇ ರೂಪಾಯಿ ಮಾಡಿಕೊಂಡೆ. ತಿಂಗಳಿಗೆ 5 ಸಾವಿರವೂ ಮುಟ್ಟದ ಗೌರವಧನದ ಮುಂದೆ ಆ ಅಂಕಿ ಹೇಳೋಕೆ ಬಾಯಿ ಬರಲಿಲ್ಲ. "ಅಲ್ಲಿ ಎಲ್ಲಾ ತುಂಬಾ ತುಟ್ಟಿ ಅಕ್ಕ" ಅಂದುಬಿಟ್ಟೆ. ಅಕ್ಕ ನನ್ನ ಮುಖ ನೋಡಿ, "ಹೌದ್ರಿ, ಇರ್ತೈತ್ರಿ" ಅಂತ ಪಾತ್ರೆ ಎತ್ತಿಕೊಂಡು ಹೋದರು.

ಮರುದಿನ ನೀರಿನ ಪಾಠ.

ಮಕ್ಕಳಿಗೆ ಅವರವರ ಮನೆ ಹತ್ತಿರದ ನೀರು ತರೋಕೆ ಹೇಳಿದ್ದರು. ಎಂಟನೇ ತರಗತಿಯ ಬೆಂಚಿನ ಮೇಲೆ ಹತ್ತು ಹದಿನೈದು ಬಾಟಲಿ. ಜ್ಯೂಸಿಂದು, ಎಣ್ಣೆಯದು, ಕೆಮ್ಮಿನ ಔಷಧದ್ದು. ಒಂದೊಂದಕ್ಕೂ ಚೀಟಿ: ಹನುಮಪ್ಪನ ಗುಡಿ ಬೋರು, ಹೊಲದ ಬೋರು, ಸಾಲಿ ನಳ, ಫಿಲ್ಟರ್. ಗೆಳತಿ ಫ್ಲೋರೈಡ್ ಕಿಟ್ ಬಿಚ್ಚಿದಳು. ಪ್ರನಾಳಕ್ಕೆ ಗುರುತಿನವರೆಗೆ ನೀರು, ಮೇಲೆ ಕೆಂಪು ಔಷಧದ ಹನಿ. ಫ್ಲೋರೈಡ್ ಕಮ್ಮಿ ಇದ್ದರೆ ಗುಲಾಬಿ ಬಣ್ಣ ಹಾಗೇ ನಿಲ್ಲುತ್ತದೆ, ಜಾಸ್ತಿ ಆದಷ್ಟೂ ಹಳದಿಗೆ ತಿರುಗುತ್ತದೆ. ಫಿಲ್ಟರ್, ಅಂದರೆ ಊರಿನ ಶುದ್ಧ ನೀರಿನ ಘಟಕದ ನೀರು, ಗುಲಾಬಿ. ಗುಡಿ ಬೋರು ಬೆರೆಸುತ್ತಿದ್ದ ಹಾಗೇ ಕಿತ್ತಳೆ. ಹೊಲದ ಬೋರಂತೂ ಅರಿಶಿನದ ನೀರು. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಗತಿಯೇ ಇಲ್ಲದಿದ್ದರೆ 1.5 ತನಕ. ಹಳದಿ ಪ್ರನಾಳಗಳೆಲ್ಲ ಆ ಗೆರೆ ದಾಟಿದವು. ಕುದಿಸಿದರೆ ಹೋಗಲ್ವಾ ಅಂತ ಫಿನ್ಲೆಂಡಿನ ಹುಡುಗಿ ಕೇಳಿದಳು. ಕುದಿಸಿದರೆ ನೀರು ಇಂಗುತ್ತದೆ, ಫ್ಲೋರೈಡ್ ಅಷ್ಟೇ ಉಳಿಯುತ್ತದೆ, ಇನ್ನೂ ಗಟ್ಟಿ ಆಗುತ್ತದೆ ಅಂದಳು ಗೆಳತಿ.

ಇಷ್ಟು ಹೊತ್ತಿಗೆ ನಾನು ಒಳಗೊಳಗೇ ಕುಗ್ಗಿದ್ದೆ. ಪರದೇಶದವರ ಮುಂದೆ ನಮ್ಮ ಮನೆ ತೂತು ತೋರಿಸಿದ ಹಾಗೆ. ಈಗ ಅಯ್ಯೋ ಪಾಪ ಅಂತಾರೆ ಅಂದುಕೊಂಡೆ. ಟೀಚರಮ್ಮ ಎದ್ದು ಹೋಗಿ ಬೋರ್ಡಿನ ಮೇಲೆ ಒಂದು ಬಂಡೆ ಬರೆದರು. ಬಂಡೆಯಲ್ಲಿ ಬಿರುಕು, ಬಿರುಕಿನಲ್ಲಿ ನೀರು. ಇದು ನಮ್ಮೂರ ಕಲ್ಲು, ಇದೂ ಗ್ರಾನೈಟೇ ಅಂದರು. ಹೆಸರು ರಾಪಕಿವಿ. ಅವರ ಭಾಷೆಯಲ್ಲಿ ಕಿವಿ ಅಂದರೆ ಕಲ್ಲು, ಪುಡಿಪುಡಿ ಆಗುವ ಕಲ್ಲು ಅಂತ ಅರ್ಥ. ನಾನು ಕನ್ನಡದಲ್ಲಿ ಹೇಳಿ ಮುಗಿಸುವ ಮುಂಚೆಯೇ ಹಿಂದಿನ ಬೆಂಚಿನಿಂದ ಒಬ್ಬ, "ಕಲ್ಲಿಗೆ ಕಿವಿ ಅಂತಾರಂತಲೇ!" ಅಂತ ಕೂಗಿದ. ಇಡೀ ಕ್ಲಾಸು ಕಿವಿ ಹಿಡಿದುಕೊಂಡು ನಕ್ಕಿತು.

ಆ ಕಲ್ಲಿನ ಸೀಮೆಯ ಬಾವಿಗಳಲ್ಲಿ ಫ್ಲೋರೈಡ್ ಜಾಸ್ತಿ. ನೀರು ಕಲ್ಲಿನ ಸಂದಿಯಲ್ಲಿ ವರ್ಷಗಟ್ಟಲೆ ಕೂತಷ್ಟೂ ಕಲ್ಲಿನೊಳಗಿನ ಫ್ಲೋರೈಡ್ ಕರಗಿ ಬರುತ್ತದೆ. ಅಲ್ಲಿ ಪೇಟೆಗೆಲ್ಲ ಈಗ ಬೇರೆ ಕಡೆಯಿಂದ ಪೈಪಿನ ನೀರು, ಕಾಡಿನ ಮನೆಗಳಲ್ಲಿ ಮಾತ್ರ ಬಾವಿ. ಇಲ್ಲಿ ಬೋರು ವರ್ಷ ವರ್ಷ ಆಳಕ್ಕೆ ಹೋಗುತ್ತಿದೆ, ಅಷ್ಟೇ ವ್ಯತ್ಯಾಸ. ಇನ್ನೊಂದು ವಿಷಯ ಹೇಳಿದರು. ಅವರದೇ ದೇಶದ ಕುವೋಪಿಯೋ ಅನ್ನುವ ಪಟ್ಟಣದಲ್ಲಿ ಹಲ್ಲು ಹುಳುಕಾಗಬಾರದು ಅಂತ 1959ರಿಂದ 1992ರ ತನಕ ನಲ್ಲಿ ನೀರಿಗೆ ಚೂರು ಫ್ಲೋರೈಡ್ ಬೆರೆಸುತ್ತಿದ್ದರಂತೆ. "ಅಯ್ಯ, ನಮಗ ಹೇಳಿದ್ರ ಇಲ್ಲಿಂದ ಟ್ಯಾಂಕರ್ ಕಳಿಸ್ತಿದ್ವಿ" ಅಂದಳು ಗೆಳತಿ. ಇದನ್ನು ಇಂಗ್ಲಿಷಿಗೆ ಮಾಡುವುದರಲ್ಲಿ ಅದರ ರುಚಿ ಹೋಯಿತು.

ನನಗೆ ಆಗ ನೆನಪಾಗಿದ್ದು ನಮ್ಮ ರಾಮನಗರದ ಬೆಟ್ಟ. ಆ ಊರಿನ ಹಳೇ ಹೆಸರಿನಿಂದಲೇ ಆ ಬಂಡೆಗೆ ಕ್ಲೋಸ್‌ಪೇಟೆ ಗ್ರಾನೈಟ್ ಅಂತಾರೆ, 250 ಕೋಟಿ ವರ್ಷದ್ದು, ಅಲ್ಲಿಂದ ಉತ್ತರಕ್ಕೆ ಈ ಸೀಮೆ ತನಕ ಪಟ್ಟಿಯ ಹಾಗೆ ಹಬ್ಬಿದೆ. ಚಿಕ್ಕಂದಿನಿಂದ ಅದರ ಮೇಲೆ ಹತ್ತಿ ಫೋಟೋ ತೆಗೆಸಿಕೊಂಡಿದ್ದೇ ಬಂತು.

ಆಗಲೇ ಆ ಹುಡುಗ, ಮಿರ್ಚಿ ತಿಂದವನು, ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ. ಆ ಹುಡುಗಿ ನಗುವಾಗ ಯಾಕೆ ಬಾಯಿಗೆ ಕೈ ಅಡ್ಡ ಹಿಡೀತಾಳೆ? ಇಲ್ಲಿನ ಸಂಪ್ರದಾಯವಾ?

ಕೈ ಬಾಯಿಗೆ ಇಟ್ಟು ತೋರಿಸಿಯೂ ತೋರಿಸಿದ. ಎರಡನೇ ಬೆಂಚಿನ ಹುಡುಗಿ ನೋಡಿದಳು.

"ಏನಂದ್ನರಿ ಅವ?"

"ನಿನ್ನ ನಗು ಚೆನ್ನಾಗಿದೆ ಅಂದ" ಅಂದೆ.

"ಸುಳ್ಳ ಹೇಳಬ್ಯಾಡ್ರಿ ಮೇಡಂ. ಕೈ ಇಟ್ಟು ತೋರಿಸಿದ್ನಲ್ರಿ."

ಏನೂ ತೋಚಲಿಲ್ಲ. ಗೆಳತಿ ಪ್ರನಾಳ ತೊಳೆಯುತ್ತಿದ್ದಳು, ತಿರುಗಿ ನೋಡಲಿಲ್ಲ. ಕೇಳಿಸಿತ್ತು ಅಂತ ನನಗೆ ಗೊತ್ತು.

"ಹೇಳ್ರಿ ಅವಗ" ಅಂದಳು ಹುಡುಗಿ. "ಸಂಪ್ರದಾಯ ಅಲ್ಲ, ನೀರು ಅಂತ ಹೇಳ್ರಿ."

ಸಂಪ್ರದಾಯ ಅನ್ನುವ ಮಾತು ನಾನು ಕನ್ನಡದಲ್ಲಿ ಆಡಿಯೇ ಇರಲಿಲ್ಲ. ಇವಳಿಗೆ ಇಂಗ್ಲಿಷ್ ಅಷ್ಟು ತಿಳಿಯುತ್ತದೆ ಅನ್ನೋದು ಆಗ ಗೊತ್ತಾಯಿತು. ಕೈ ತೆಗೆದು ಹಲ್ಲು ತೋರಿಸಿದಳು. ಮುಂದಿನ ಎರಡು ಹಲ್ಲಿನ ಮೇಲೆ ಚಹಾದ ಕಲೆಯಂಥ ಅಡ್ಡ ಗೆರೆ, ಪಕ್ಕದವುಗಳಲ್ಲಿ ಸುಣ್ಣದಂಥ ಬಿಳಿ ಚುಕ್ಕೆ. ಉಜ್ಜಿದರೆ ಹೋಗುವಂಥದ್ದಲ್ಲ, ಹಲ್ಲು ಒಸಡಿನೊಳಗೆ ಕಟ್ಟುವಾಗಲೇ ಫ್ಲೋರೈಡ್ ಜಾಸ್ತಿಯಾಗಿ ಆಗಿರುವುದು.

"ನಮ್ಮೂರಾಗ ಫಿಲ್ಟರ್ ಬಂದಾಗ ನಾ ಆರನೇತ್ತಾ ಇದ್ದೆ. ಅಷ್ಟೊತ್ತಿಗೆ ಹಲ್ಲು ಬಂದುಬಿಟ್ಟಿದ್ವು. ನಮ್ಮ ತಮ್ಮನ ಹಲ್ಲು ಬೆಳ್ಳಗದಾವ್ರಿ."

ತಮ್ಮನ ವಿಷಯ ಹೇಳುವಾಗ ಅವಳ ದನಿಯಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ, ಒಂಥರಾ ಹೆಮ್ಮೆಯೇ ಇತ್ತು. ಅದನ್ನು ಹುಡುಗನಿಗೆ ಹೇಗೆ ಹೇಳೋದು ಅಂತ ಪದ ಹುಡುಕುತ್ತಿದ್ದೆ, ಅವನು ಅಷ್ಟರಲ್ಲಿ ಬ್ಯಾಗಿಗೆ ಕೈ ಹಾಕಿದ್ದ. ಒಂದು ಉಣ್ಣೆಯ ಸಾಕ್ಸ್ ತೆಗೆದ. ಅದರೊಳಗೆ ಇನ್ನೊಂದು ಸಾಕ್ಸ್. ಅದರೊಳಗೆ ಬೆರಳುದ್ದದ ಬಾಟಲಿ. ಅವನ ಅಜ್ಜಿಗೆ ಕಾಡಿನಲ್ಲಿ ಒಂದು ಮನೆ ಇದೆ, ಆ ಮನೆಯ ಬಾವಿಯ ನೀರು. ಟೀಚರಮ್ಮನಿಗೂ ಗೊತ್ತಿರಲಿಲ್ಲವಂತೆ, ಅವರೇ ಹುಬ್ಬೇರಿಸಿದರು.

ಗೆಳತಿ ಹುಡುಗಿಯ ಕೈಗೇ ಪ್ರನಾಳ ಕೊಟ್ಟಳು. ಹುಡುಗಿ ಗುರುತಿಗೆ ಸರಿಯಾಗಿ ನೀರು ಬಿಟ್ಟಳು, ಕಣ್ಣಿನ ಮಟ್ಟಕ್ಕೆ ಹಿಡಿದು ಸರಿ ನೋಡಿದಳು, ಹನಿ ಎಣಿಸಿದಳು. ಬಿರಡೆ ಹಾಕಿ ಎರಡು ಸಲ ತಲೆಕೆಳಗು ಮಾಡಿದಳು. ಗುಲಾಬಿ. ಆಮೇಲೆ ನಿಧಾನವಾಗಿ ಕಿತ್ತಳೆ. ಆಮೇಲೆ ಹಳದಿ.

ಕ್ಲಾಸು ಕಿರುಚಿದ್ದು ಕೇಳಿ ಹೆಡ್‌ಮಾಸ್ತರು ಓಡಿ ಬಂದರು.

"ನಿಮ್ಮಜ್ಜಿ ಬಾವಿ ನೀರು ನೀ ಕುಡಿಯಂಗಿಲ್ಲೇನು?" ಹುಡುಗಿ ಈಗ ಪೊಲೀಸರ ಹಾಗೆ ಕೇಳತೊಡಗಿದಳು. ಬೇಸಿಗೆಯಲ್ಲಿ ಹೋದಾಗ ಸ್ನಾನಕ್ಕೆ ಮಾತ್ರ, ಕುಡಿಯೋಕೆ ಪೇಟೆ ಮನೆಯಿಂದ ಕ್ಯಾನಿನಲ್ಲಿ ಒಯ್ತೀವಿ ಅಂದ. "ನಾವೂ ಕ್ಯಾನಿನ್ಯಾಗ ತರ್ತೀವಿ. 5 ರೂಪಾಯಿ ಹಾಕಿದ್ರ 20 ಲೀಟರ್. ನೀವು ಎಷ್ಟ್ ಹಾಕ್ತೀರಿ?" ನಾವು ನಲ್ಲಿ ತಿರುಗಿಸ್ತೀವಿ ಅಂದ ಅವನು. ಹುಡುಗಿ ಸ್ವಲ್ಪ ಹೊತ್ತು ಯೋಚಿಸಿ, "ಹಂಗಾದ್ರ ಕಲ್ಲು ಒಂದ ಥರ, ನಳ ಬ್ಯಾರೆ" ಅಂದಳು. ಇದನ್ನು ನಾನು ಇಂಗ್ಲಿಷಿಗೆ ಮಾಡಬೇಕಾಗಲಿಲ್ಲ. ಅವಳೇ ಹೇಳಿದಳು, ಮೂರು ಪದದಲ್ಲಿ.

ಹಂಪಿಗೆ ಒಂದು ದಿನ, ಕಿನ್ನಾಳಕ್ಕೆ ಅರ್ಧ ದಿನ. ಕಿನ್ನಾಳದಲ್ಲಿ ಮಕ್ಕಳು ಮರದ ಗಿಳಿ ಕೊಂಡರು. ಹಂಪಿಯ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ, ಬಿಸಿಲಿಗೆ ನನಗೆ ಎರಡು ದೇವಸ್ಥಾನ ಆಗುವಷ್ಟರಲ್ಲಿ ಸಾಕಾಯಿತು. ಆನೆಗೊಂದಿಗೆ ದೋಣಿಯಲ್ಲಿ ದಾಟುವುದಿದ್ದರೆ ಮಾತ್ರ ಸಂಜೆ ತನಕ ಕಾಯಬೇಡಿ, ದೋಣಿ ನಿಂತ ಮೇಲೆ ಸುತ್ತಿ ಬರುವ ಹೊತ್ತಿಗೆ ಮಕ್ಕಳು ಗಾಡಿಯಲ್ಲೇ ನಿದ್ದೆ.

ಬೆಂಗಳೂರಿಗೆ ಬಂದು ಮೂರು ವಾರ ಆದ ಮೇಲೆ ಗೆಳತಿ ಒಂದು ಫೋಟೋ ಕಳಿಸಿದಳು. ಪ್ರಯೋಗಾಲಯದ ಕಪಾಟು. ಗುಡಿ ಬೋರು, ಹೊಲದ ಬೋರು, ಅವುಗಳ ಪಕ್ಕದಲ್ಲಿ ಬೆರಳುದ್ದದ ಬಾಟಲಿ, ದುಂಡಗಿನ ಅಕ್ಷರದಲ್ಲಿ ಚೀಟಿ: ‘ಫಿನ್ಲೆಂಡ್ ಅಜ್ಜಿ ಬಾವಿ. ಕುಡಿಯಬಾರದು.’ ನಾನು ನಗುವ ಮುಖ ಕಳಿಸಿ, ಮತ್ತೇನು ಸಮಾಚಾರ ಅಂತ ಕೇಳಿದೆ.

"ಫಿಲ್ಟರ್ ಮೋಟರ್ ಸುಟ್ಟು ಎಂಟು ದಿನ ಆತು. ಎಲ್ಲಾರೂ ಗುಡಿ ಬೋರಿಗೆ ಹೊಂಟಾರ."